ಅಜ್ಜಿಯ ಪುಸ್ತಕದ ಸೌತೆಕಾಯಿ ಕೇಕು: ಕೆಂಡದ ಅಡುಗೆಯನ್ನು ಓವನ್‌ಗೆ ತರುವುದು ಹೇಗೆ?

ತುಂಗಾತೀರ (ತೀರ್ಥಹಳ್ಳಿ)

ಅಜ್ಜಿಯ ಅಡುಗೆ ಪುಸ್ತಕದಲ್ಲಿ ಬರೆದಿರುವುದು ಇಷ್ಟೇ:

"ಬಲಿತ ಸೌತೆಕಾಯಿ ಒಂದು, ದೊಡ್ಡದು. ಅಕ್ಕಿ ತರಿ ಎರಡು ಪಾವು. ಬೆಲ್ಲ ಒಂದು ಸೇರು. ಕಾಯಿ ಒಂದು ಕಡಿ. ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ ಕಡೆಗೆ ಹಾಕುವುದು. ಮೇಲೆ ಹೆಚ್ಚು ಕೆಂಡ, ಕೆಳಗೆ ಕಮ್ಮಿ."

ದೀಪಾವಳಿಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಊರಮನೆಯಲ್ಲಿ ಸೇರುತ್ತೇವೆ, ಸುಮಾರು ಇಪ್ಪತ್ತು ಜನ. ಅವತ್ತು ಇದನ್ನೇ ಮಾಡಬೇಕೆಂದು ಎಲ್ಲರ ಆಸೆ. ಮನೆಯಲ್ಲಿ 28 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್) ಇದೆ. 180 ಡಿಗ್ರಿಯಲ್ಲಿ 40 ನಿಮಿಷ ಇಟ್ಟರೆ ಮೇಲೆ ಕೆಂಪಾಗುತ್ತದೆ, ತಳ ಸೀದು ಹೋಗುತ್ತದೆ, ನಡುವೆ ಹಸಿ. ತರಿ ಹಲ್ಲಿಗೆ ಸಿಗುತ್ತದೆ.

ಕೇಳಬೇಕಾದ್ದು: ಈ ಪಾವು, ಸೇರು ಗ್ರಾಂ ಲೆಕ್ಕದಲ್ಲಿ ಎಷ್ಟು? ಒಂದು ಸೇರು ಬೆಲ್ಲ ಅಂದರೆ ಒಂದು ಕೆಜಿಯ ಹತ್ತಿರ ಅಲ್ಲವೇ, ಅಷ್ಟೊಂದು ಹಾಕುತ್ತಿದ್ದರೇ? ಬೆಲ್ಲ ಕಡೆಗೆ ಯಾಕೆ? ಬೇಕಿಂಗ್ ಪೌಡರ್ ಸೇರಿಸಬಹುದೇ? ಇದನ್ನು ಕೈಯಾರೆ ಮಾಡಿ ಗೊತ್ತಿರುವವರು ಈಗ ದೊಡ್ಡಮ್ಮ ಒಬ್ಬರೇ. ಅವರನ್ನು ಕೇಳಿದರೆ "ಹದ ನೋಡಿ ಹಾಕು" ಅನ್ನುತ್ತಾರೆ.

ಸೇರು_ಪಾವು

ಮೊದಲು ಸೇರಿನ ಗೊಂದಲ ಬಿಡಿಸೋಣ. ಹಳೇ ಮೈಸೂರು ಸೀಮೆಯಲ್ಲಿ ತೂಕಕ್ಕೆ ಎರಡು ಸೇರು ನಡೆಯುತ್ತಿದ್ದವು. ಕಚ್ಚಾ ಸೇರು 24 ತೊಲ, ಪಕ್ಕಾ ಸೇರು 80 ತೊಲ. ತೊಲಕ್ಕೆ 11.66 ಗ್ರಾಂ ಹಿಡಿದರೆ ಕಚ್ಚಾ ಸೇರು ಸುಮಾರು 280 ಗ್ರಾಂ, ಪಕ್ಕಾ ಸೇರು ಸುಮಾರು 933 ಗ್ರಾಂ. ಎರಡು ಪಾವು ತರಿಗೆ 933 ಗ್ರಾಂ ಬೆಲ್ಲ ಹಾಕಿದರೆ ಅದು ಕೇಕಾಗುವುದಿಲ್ಲ, ಪಾಕವಾಗುತ್ತದೆ. ಪುಸ್ತಕದಲ್ಲಿರುವುದು ಕಚ್ಚಾ ಸೇರೇ.

ಪಾವು ತೂಕವಲ್ಲ, ಅಳತೆ ಪಾತ್ರೆ. ಒಂದೊಂದು ಮನೆಯದು ಒಂದೊಂದು ತರ ಇರುತ್ತದೆ, ಅಂತರ್ಜಾಲದಲ್ಲಿ ಹುಡುಕಿ ಪ್ರಯೋಜನ ಇಲ್ಲ. ಊರಮನೆಯ ಅಕ್ಕಿ ಡಬ್ಬಿಯಲ್ಲಿ ಅಜ್ಜಿಯ ಕಾಲದ ಪಾವು ಇನ್ನೂ ಇದ್ದರೆ ಅದನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್. ಆಮೇಲೆ ಒರೆಸಿ ಒಣಗಿಸಿ ತರಿ ತುಂಬಿ, ಮೇಲೆ ಬೆರಳಲ್ಲಿ ಸವರಿ, ಮತ್ತೆ ತೂಗಿ. ಪಾವು 220 ಮಿಲಿ ಹಿಡಿದರೆ ತರಿ 150 ಗ್ರಾಂ ಆಸುಪಾಸು ಬರುತ್ತದೆ. ಗೋಪುರದ ಹಾಗೆ ತುಂಬುತ್ತಿದ್ದರೋ, ಸವರುತ್ತಿದ್ದರೋ ದೊಡ್ಡಮ್ಮನನ್ನೇ ಕೇಳಿ. ಅದೊಂದರಲ್ಲೇ ಪಾವಿಗೆ 30 ಗ್ರಾಂ ವ್ಯತ್ಯಾಸ ಬರಬಹುದು.

ಒಲೆಯ ಲೆಕ್ಕ (ಸಾಗರ)

ಸೇರಿನ ವಿಷಯ ಸರಿಯಾಗಿ ಹೇಳಿದ್ದಾರೆ. ಆ ಲೆಕ್ಕದಲ್ಲೇ 20 ಸೆಂ.ಮೀ. ಅಗಲದ ಒಂದು ದುಂಡು ಟಿನ್ನಿಗೆ ಹೀಗೆ ಹಿಡಿಯಿರಿ: ತರಿ 300 ಗ್ರಾಂ, ಸಿಪ್ಪೆ, ಬೀಜ, ಬೀಜದ ಸುತ್ತಲಿನ ತಿರುಳು ತೆಗೆದು ತುರಿದ ಸೌತೆಕಾಯಿ ನೀರಿನ ಸಮೇತ 540 ಗ್ರಾಂ, ಅಚ್ಚು ಬೆಲ್ಲ 250 ಗ್ರಾಂ (ಪುಸ್ತಕದ ಸಿಹಿಯೇ ಬೇಕಿದ್ದರೆ 280), ಕಾಯಿತುರಿ 100 ಗ್ರಾಂ, ತುಪ್ಪ 50 ಗ್ರಾಂ, ಏಲಕ್ಕಿ ಎಂಟು, ಉಪ್ಪು ಅರ್ಧ ಚಮಚ. ಹಿಟ್ಟು ಟಿನ್ನಿನಲ್ಲಿ ನಾಲ್ಕು ಸೆಂ.ಮೀ. ಮೀರಬಾರದು. ನಡುವೆ ಹಸಿ ಉಳಿಯುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಈ ಎತ್ತರವೇ.

ಇನ್ನು "ಬೆಲ್ಲ ಕಡೆಗೆ". ಇಡೀ ಪಾಕದ ಗುಟ್ಟು ಈ ಎರಡು ಪದದಲ್ಲಿದೆ. ತರಿ ಬೇಯಲು ಮೊದಲು ನೀರು ಕುಡಿದು ಉಬ್ಬಬೇಕು. ಬೆಲ್ಲ ಮೊದಲೇ ಬಿದ್ದರೆ ಸೌತೆಕಾಯಿ ಬಿಟ್ಟ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ತರಿಗೆ ಸಿಗುವುದು ಕಡಿಮೆ. ಮೇಲಾಗಿ ಸಿಹಿ ಹೆಚ್ಚಿದಷ್ಟೂ ಅಕ್ಕಿಯ ಪಿಷ್ಟ ಬೇಯಲು ಹೆಚ್ಚು ಬಿಸಿ ಬೇಕು. ನಿಮಗೆ ತರಿ ಹಲ್ಲಿಗೆ ಸಿಗುತ್ತಿರುವುದು ಇದರಿಂದಲೇ. ಕ್ರಮ ಹೀಗಿರಲಿ: ತರಿಯನ್ನು ಒಂದು ಚಮಚ ತುಪ್ಪದಲ್ಲಿ ಬಣ್ಣ ಬದಲಾಗದ ಹಾಗೆ, ಘಮ ಬರುವವರೆಗೆ ಹುರಿಯಿರಿ. ಸೌತೆ ತುರಿಗೆ ಉಪ್ಪು ಹಾಕಿ ಒಂದು ಕುದಿ ಬರಿಸಿ, ಒಲೆ ಆರಿಸಿ ತರಿ ಸುರಿದು, ಗಂಟಿಲ್ಲದೆ ತಿರುವಿ ಮುಚ್ಚಿಡಿ. 45 ನಿಮಿಷ ಮುಟ್ಟಬೇಡಿ. ಆಮೇಲೆ ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಹಿಸುಕಿ. ನಡುವೆ ಬಿಳಿ ಚುಕ್ಕಿ ಗಟ್ಟಿಯಾಗಿ ಉಳಿದಿದ್ದರೆ ಎರಡು ಚಮಚ ಬಿಸಿನೀರು ಚಿಮುಕಿಸಿ ಇನ್ನೂ ಹತ್ತು ನಿಮಿಷ ಬಿಡಿ. ಚುಕ್ಕಿ ಹೋದಮೇಲೆ ಪುಡಿ ಮಾಡಿದ ಬೆಲ್ಲ, ಕಾಯಿತುರಿ, ಏಲಕ್ಕಿ, ಉಳಿದ ತುಪ್ಪ. ಬೆಲ್ಲ ಕರಗಿದಂತೆ ಹಿಟ್ಟು ಸಡಿಲವಾಗುತ್ತದೆ, ಗಾಬರಿ ಬೇಡ. ಸೌಟಿನಿಂದ ಧೊಪ್ಪೆಂದು ಬೀಳುವ ಹದ ಸರಿ. ಧಾರೆಯಾಗಿ ಇಳಿದರೆ ನೀರು ಹೆಚ್ಚಾಯಿತು, ತರಿ ತಳಕ್ಕೆ ಕೂತು ಎರಡು ಪದರ ಆಗುತ್ತದೆ.

ಜೋನಿ (ದ್ರವ) ಬೆಲ್ಲ ಹಾಕುವುದಾದರೆ ಐದರಲ್ಲಿ ಒಂದು ಪಾಲು ನೀರು ಎಂದುಕೊಳ್ಳಿ: 310 ಗ್ರಾಂ ಜೋನಿ, ಸೌತೆಕಾಯಿಯಲ್ಲಿ 60 ಗ್ರಾಂ ಕಡಿತ. ರುಚಿ ಜೋನಿಯದೇ ಮೇಲು, ಇದು ನನ್ನ ಅಭಿಪ್ರಾಯ. ಬಣ್ಣ ಕಪ್ಪಾಗುತ್ತದೆ ಅಷ್ಟೆ.

ಸೌತೆಕಾಯಿಯ ತೊಟ್ಟಿನ ಕಡೆಯಿಂದ ಒಂದು ಚೂರು ತಿಂದು ನೋಡದೆ ತುರಿಯಬೇಡಿ. ಕಹಿ ಇದ್ದರೆ ಬೇಯಿಸಿದರೂ, ಬೆಲ್ಲ ಹೆಚ್ಚು ಹಾಕಿದರೂ ಹೋಗುವುದಿಲ್ಲ. ಕಡುಕಹಿ ಕಾಯಿ ಹೊಟ್ಟೆಗೂ ಒಳ್ಳೆಯದಲ್ಲ, ಎಸೆದುಬಿಡಿ.

ಓವನ್: 15 ನಿಮಿಷ ಮೊದಲೇ 180ಕ್ಕೆ ಕಾಯಿಸಿ, ಎರಡೂ ರಾಡ್ ಹಾಕಿ. ಟಿನ್ನನ್ನು ತಗಡಿನ ಟ್ರೇ ಮೇಲಲ್ಲ, ಸರಳಿನ ಜಾಲರಿ ಮೇಲೆ ನಡುವಿನ ಹಂತದಲ್ಲಿ ಇಡಿ. ಟಿನ್ನಿನ ತಳಕ್ಕೆ ಬೆಂಕಿಯಲ್ಲಿ ಬಾಡಿಸಿದ ಬಾಳೆಲೆ ಎರಡು ಪದರ ಹಾಸಿ ತುಪ್ಪ ಸವರಿ. ತಳ ಸೀಯುವುದು ನಿಲ್ಲುತ್ತದೆ, ಪರಿಮಳವೂ ಬರುತ್ತದೆ. 180ರಲ್ಲಿ 20 ನಿಮಿಷ, ಆಮೇಲೆ 165ಕ್ಕೆ ಇಳಿಸಿ 40 ನಿಮಿಷ. ಮೇಲೆ ಬೇಗ ಕೆಂಪಾದರೆ ಇನ್ನೊಂದು ಎಲೆ ಮುಚ್ಚಿ. ಚಾಕು ಚುಚ್ಚಿ ನೋಡುವುದು ಇದಕ್ಕೆ ನಂಬಿಕೆಯ ಪರೀಕ್ಷೆಯಲ್ಲ, ಬೆಂದರೂ ಅಂಟುತ್ತದೆ. ಅಂಟಿದ್ದು ಹಾಲಿನಂತೆ ಬೆಳ್ಳಗಿದ್ದರೆ ಹಸಿ, ಕನ್ನಡಿಯಂತೆ ಹೊಳೆದರೆ ಬೆಂದಿದೆ. ಥರ್ಮಾಮೀಟರ್ ಇದ್ದರೆ ನಡುವೆ 96 ಡಿಗ್ರಿ ಬರಬೇಕು.

ಮತ್ತೆ, ಬಿಸಿ ಇರುವಾಗ ಕೊಯ್ಯಬೇಡಿ. ಕನಿಷ್ಠ ಮೂರು ಗಂಟೆ. ಅಕ್ಕಿಯ ಪಿಷ್ಟ ಆರಿದಮೇಲೇ ಗಟ್ಟಿಯಾಗಿ ನಿಲ್ಲುವುದು. ಬಿಸಿಬಿಸಿ ಕೊಯ್ದು "ಹಸಿ ಇದೆ" ಎಂದು ಮತ್ತೆ ಒಳಗಿಟ್ಟು ಒಣಗಿಸಿದವರೇ ಹೆಚ್ಚು.

ಬೇಕರಿ_ಭಟ್ಟ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಅರ್ಧ ಮೈದಾ, ಎರಡು ಚಮಚ ಬೇಕಿಂಗ್ ಪೌಡರ್, ಬೇಕಾದರೆ ಎರಡು ಮೊಟ್ಟೆ. ಮೆತ್ತಗೆ ಹತ್ತಿಯ ಹಾಗೆ ಬರುತ್ತದೆ. ಮಕ್ಕಳು ತಿನ್ನುವುದೂ ಅದನ್ನೇ.

ಒಲೆಯ ಲೆಕ್ಕ (ಸಾಗರ)

ಬರುತ್ತದೆ, ಆದರೆ ಅದು ಬೇರೆ ತಿಂಡಿ. ಅವರು ಕೇಳಿದ್ದು ಅಜ್ಜಿಯದು. ಮೈದಾ ಇಲ್ಲದೆ ಬರೀ ಬೇಕಿಂಗ್ ಪೌಡರ್ ಹಾಕಿದರೂ ಲಾಭವಿಲ್ಲ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಎದ್ದ ಗಾಳಿ ಹಿಡಿದಿಡುವ ಬಲೆಯೇ ಇಲ್ಲ. ಇಷ್ಟು ಒದ್ದೆ ಹಿಟ್ಟಿನಲ್ಲಿ ಮೇಲೆದ್ದು ನಡುವೆ ಕುಸಿಯುತ್ತದೆ. ಅಡುಗೆ ಸೋಡ ಹೆಚ್ಚಾದರೆ ಸಾಬೂನಿನ ರುಚಿ ಬೇರೆ. ಇದು ಉಬ್ಬುವ ಕೇಕಲ್ಲ, ಕೊಂಕಣಿಯವರ ಸೌತೆಕಾಯಿ ಕೇಕು ತವಸಳಿಯ ಜಾತಿಯದು. ಒತ್ತಾಗಿ, ತೇವವಾಗಿ, ಅಂಚು ಕರುಂ ಅನ್ನುವಂತೆ ಇರಬೇಕು.

ಮೊಟ್ಟೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ: ಹಬ್ಬದ ದಿನ ಆ ಮನೆಯಲ್ಲಿ ಅರ್ಧ ಜನ ಮುಟ್ಟದೇ ಇರಬಹುದು.

ಕರಟದ_ಕೆಂಡ (ಹೊಸನಗರ)

ಒಂದನ್ನು ಓವನ್ನಿನಲ್ಲಿ, ಇನ್ನೊಂದನ್ನು ಕೆಂಡದಲ್ಲಿ ಮಾಡಿ. ಇಪ್ಪತ್ತು ಜನಕ್ಕೆ ಹೇಗೂ ಎರಡು ಬೇಕು, 28 ಲೀಟರಿನಲ್ಲಿ ಗಾಳಿಯಾಡಲು ಜಾಗ ಬಿಟ್ಟು ಒಂದೇ ಟಿನ್ನು ಹಿಡಿಯುವುದು.

ಕೆಂಡಕ್ಕೆ ತೆಂಗಿನ ಕರಟ ಒಳ್ಳೆಯದು, ಕಾವು ಒಂದೇ ಸಮ ಇರುತ್ತದೆ. ಅಡಿಕೆ ಸಿಪ್ಪೆ ಬೇಡ, ಹೊಗೆ ಹೆಚ್ಚು, ಬೇಗ ಬೂದಿಯಾಗುತ್ತದೆ. ಉರಿ ಪೂರ್ತಿ ಇಳಿದು ಮೇಲೆ ತೆಳ್ಳಗೆ ಬೂದಿ ಕಟ್ಟಿದ ಕೆಂಡವನ್ನೇ ಬಳಸಿ. ಮೂರು ಪಾಲು ಮಾಡಿ, ಎರಡು ಪಾಲು ಮುಚ್ಚಳದ ಮೇಲೆ, ಒಂದು ಪಾಲು ಕೆಳಗೆ. ಬಿಸಿಗಾಳಿ ತಾನಾಗಿ ಮೇಲೇರುವುದರಿಂದ ಕೆಳಗಿನ ಸ್ವಲ್ಪ ಕೆಂಡವೇ ತಳಕ್ಕೆ ಸಾಕು. ಮುಚ್ಚಳದ ಕಾವು ಮಾತ್ರ ಕೆಳಗಿಳಿಯಬೇಕು, ಅದಕ್ಕೇ ಅಲ್ಲಿ ಹೆಚ್ಚು. ಕೆಳಗಿನ ಕೆಂಡ ಪಾತ್ರೆಯ ನಡುವಿಗೆ ಬೇಡ, ಉಂಗುರದ ಹಾಗೆ ಅಂಚಿಗೆ ಹರಡಿ. ಅರ್ಧ ಗಂಟೆಗೊಮ್ಮೆ ಮೇಲಿನದನ್ನು ಮಾತ್ರ ಹೊಸದು ಮಾಡಿ. ಮುಚ್ಚಳ ಅಂಚು ಎದ್ದಿರುವ ತಟ್ಟೆಯಂಥದ್ದಿರಲಿ, ಇಲ್ಲದಿದ್ದರೆ ತೆಗೆಯುವಾಗ ಬೂದಿ ಒಳಗೆ ಬೀಳುತ್ತದೆ. ಒಟ್ಟು ಒಂದೂವರೆ ಗಂಟೆ.

ಅಟ್ಟದಿಂದ ಹಳೇ ತಾಮ್ರದ ಪಾತ್ರೆ ಇಳಿಸುವ ಉತ್ಸಾಹ ಬಂದೀತು. ಕಲಾಯಿ ಹೋಗಿದ್ದರೆ ಬಳಸಲೇಬೇಡಿ, ಬೆಲ್ಲದ ಹುಳಿಗೆ ತಾಮ್ರ ಬಿಡುತ್ತದೆ. ಕಲಾಯಿ ಇದ್ದರೂ ಒಣ ಕೆಂಡದ ಮೇಲೆ ನೇರವಾಗಿ ಇಡಬಾರದು, ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ. ದಪ್ಪ ತಳದ ಅಲ್ಯೂಮಿನಿಯಂ ಇಲ್ಲವೇ ಕಬ್ಬಿಣದ ಪಾತ್ರೆಯಲ್ಲಿ ಒಂದು ಬೆರಳು ಮರಳು ಹಾಕಿ, ಅದರೊಳಗೆ ಟಿನ್ನು ಇಡುವುದು ಕ್ಷೇಮ. ಕೋಣೆ ಮುಚ್ಚಿಕೊಂಡು ಮಾಡಬೇಡಿ, ಕೆಂಡದ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿಯಿತು. ಅಂಗಡಿಯಲ್ಲಿ ನೋಡಿದಾಗ ಇದೇ ಓವನ್ ಬೇಗ ಕಾಯುತ್ತಿತ್ತು, ಊರಿನಲ್ಲಿ ಸಂಜೆ ಹೊತ್ತು ಕಾಯುವುದೇ ಇಲ್ಲ. ಕರೆಂಟು ಹೋದರೆ ಇನ್ವರ್ಟರ್ ಸಾಕಾಗುತ್ತದೆಯೇ? ದೊಡ್ಡಮ್ಮನ ಕೈ ಅಂದಾಜನ್ನು ಬರೆದಿಡುವ ಉಪಾಯ ಏನಾದರೂ ಇದೆಯೇ?

ಮೂರು_ಫೇಸ್

ವೋಲ್ಟೇಜ್ ಕಡಿಮೆ. ರಾಡಿನ ಕಾವು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ 1500 ವ್ಯಾಟಿನ ಓವನ್ ಕೊಡುವುದು 920 ವ್ಯಾಟಿನಷ್ಟೇ. ಗುಬುಟು 180 ತೋರಿಸುತ್ತಿದ್ದರೂ ಒಳಗೆ 150 ಇರಬಹುದು. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ತನ್ನಿ. ಪಂಪ್‌ಸೆಟ್ ಓಡದ ಹೊತ್ತು, ಅಂದರೆ ನಿಮ್ಮಲ್ಲಿ ದೀಪ ಮಂಕಾಗದ ಹೊತ್ತು ನೋಡಿಕೊಂಡು ಬೇಯಿಸಿ. ಮನೆಯ ಸಾಮಾನ್ಯ ಇನ್ವರ್ಟರ್ ಓವನ್ ಎಳೆಯುವುದಿಲ್ಲ, ಪ್ರಯತ್ನವೂ ಬೇಡ.

ಬೇಯುತ್ತಿರುವಾಗ ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ, ಹತ್ತು ನಿಮಿಷ ಕಾಯಿರಿ. ಬರಲಿಲ್ಲ ಅಂದರೆ ಟಿನ್ನಿಗೆ ಎಲೆ ಮುಚ್ಚಿ ಕಡುಬಿನ ಅಟ್ಟದಲ್ಲಿಟ್ಟು ಹಬೆಯಲ್ಲಿ ಮುಗಿಸಿ, ಆಮೇಲೆ ಹೋಳು ಮಾಡಿ ಕಾವಲಿಯಲ್ಲಿ ತುಪ್ಪ ಹಾಕಿ ಎರಡು ಕಡೆ ಕೆಂಪು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇಕಿಂಗ್ ಪೌಡರ್ ಇಲ್ಲದ್ದರಿಂದ ಕಾಯುವ ಹಿಟ್ಟು ಹಾಳಾಗುವುದಿಲ್ಲ, ಎರಡನೇ ಟಿನ್ನಿನ ಹಿಟ್ಟನ್ನು ಸುರಿಯುವ ಮುಂಚೆ ಅಡಿಯಿಂದ ತಿರುವಿ, ಅಷ್ಟೆ.

ಸೇರು_ಪಾವು

ದೊಡ್ಡಮ್ಮನಿಗೆ "ಎಷ್ಟು ಗ್ರಾಂ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಕೇಳಲೂಬಾರದು. ಅವರು ಎಂದಿನಂತೆ ಮಾಡಲಿ, ನೀವು ಡಬ್ಬಿಗಳನ್ನು ತೂಗಿ. ತರಿಯ ಡಬ್ಬಿ, ಬೆಲ್ಲದ ಭರಣಿ, ತುಪ್ಪದ ಗಿಂಡಿ ಎಲ್ಲವನ್ನೂ ಶುರುವಿನಲ್ಲಿ ಒಮ್ಮೆ, ಮುಗಿದಮೇಲೆ ಒಮ್ಮೆ. ಕಡಿಮೆಯಾದ ತೂಕವೇ ಅವರ ಅಂದಾಜು. ಬೆಲ್ಲ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಹಿಟ್ಟು ಸೌಟಿನಿಂದ ಬೀಳುವುದನ್ನು ಹತ್ತು ಹತ್ತು ಸೆಕೆಂಡು ವಿಡಿಯೊ ಮಾಡಿ, ಹದ ಅಕ್ಷರಕ್ಕೆ ಸಿಗುವಂಥದ್ದಲ್ಲ. ತೂಗುವ ಕೆಲಸ ಮರಿಮಕ್ಕಳಿಗೆ ಕೊಡಿ, ಸಂಖ್ಯೆ ಕೂಗಿ ಹೇಳುವುದು ಅವರಿಗೆ ಆಟ.

ಪುಸ್ತಕವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆಮೇಲೆ ಬಿಡಿಸಲಾಗುವುದಿಲ್ಲ. ಹಗಲು ಬೆಳಕಿನಲ್ಲಿ ಪುಟಪುಟದ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಣಗಿದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ.

ಬೆಂಗಳೂರಿಗೆ ಹೊರಡುವವರಿಗೆ ಕೇಕು ಕಟ್ಟಿಕೊಡಬೇಡಿ. ಹಸಿ ಕಾಯಿ ಇರುವುದರಿಂದ ಎರಡನೇ ದಿನಕ್ಕೆ ಹಳಸುತ್ತದೆ. ಬದಲಿಗೆ ಹುರಿದು ಆರಿಸಿದ ತರಿ 300 ಗ್ರಾಂ, ಕೊಬ್ಬರಿ ತುರಿ 55 ಗ್ರಾಂ, ಏಲಕ್ಕಿ ಪುಡಿ, ಉಪ್ಪು ಒಂದು ಪೊಟ್ಟಣ, ಬೆಲ್ಲ ಬೇರೆ ಪೊಟ್ಟಣ. ಕೊಬ್ಬರಿ ಒಣಗಿದ್ದು, ಅದಕ್ಕಾಗಿ ಮಾಡುವಾಗ ಮೂರು ದೊಡ್ಡ ಚಮಚ ನೀರು ಹೆಚ್ಚು ಹಾಕಬೇಕು ಎಂದು ಪೊಟ್ಟಣದ ಮೇಲೆಯೇ ಬರೆಯಿರಿ. ಬೆಲ್ಲದ ಪೊಟ್ಟಣದ ಮೇಲೆ "ಕಡೆಗೆ" ಎಂದು ದೊಡ್ಡದಾಗಿ.