ವಿಂಡೋಸ್ ಹತ್ತಕ್ಕೆ ಸೇವಾ ವಿಸ್ತರಣೆ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ಭಾನುವಾರದ ಕೂಟದಲ್ಲಿ ಇನ್ನೂ ಸೇವೆಯಲ್ಲಿದ್ದವರು ಇಬ್ಬರೇ: ಶೆಟ್ಟರ ಸೋದರಳಿಯ ಮತ್ತು ಶೆಟ್ಟರ ಕಂಪ್ಯೂಟರ್. 2025ರ ಅಕ್ಟೋಬರ್ 14ಕ್ಕೆ ಕಂಪ್ಯೂಟರಿಗೂ ನಿವೃತ್ತಿಯ ಆದೇಶ ಬಂದುಬಿಟ್ಟಿತು. ಕಂಪ್ಯೂಟರನ್ನು ನಡೆಸುವ ವಿಂಡೋಸ್ 10ಕ್ಕೆ ಇನ್ನು ಭದ್ರತೆಯ ಅಪ್‌ಡೇಟುಗಳಿಲ್ಲ, ಹನ್ನೊಂದಕ್ಕೆ ಬನ್ನಿ, ನಿಮ್ಮ ಯಂತ್ರಕ್ಕೆ ಆ ಯೋಗ್ಯತೆ ಇಲ್ಲದಿದ್ದರೆ ಹೊಸದನ್ನು ಕೊಳ್ಳಿ ಎಂಬ ಅರ್ಥದ ಸೂಚನೆ ಪರದೆಯ ತುಂಬ ಬಂದು ಕೂರತೊಡಗಿತು. ಶೆಟ್ಟರು ಫೋರ್ಟಿನ ಒಂದು ಹೋಟೆಲಿನ ಗಲ್ಲೆಯ ಮೇಲೆ ಅರ್ಧ ಆಯುಷ್ಯ ಕಳೆದವರು. ಸಾಂಬಾರಿಗೆ ಉಪ್ಪಿಲ್ಲ ಎಂದು ಕೂಗುವ ಗಿರಾಕಿಗೂ ನಕ್ಕು ತಲೆಯಾಡಿಸಿ ಕಳಿಸಿದ ಅನುಭವಸ್ಥರು. ಈ ಸೂಚನೆಗೂ ಹಾಗೆಯೇ ನಕ್ಕು, ‘ಆಮೇಲೆ ನೆನಪಿಸಿ’ ಎಂಬ ಗುಂಡಿಯನ್ನು ಒತ್ತುತ್ತ ದೀಪಾವಳಿಯನ್ನು ದಾಟಿಸಿದ್ದರು.

“ಕೆಟ್ಟಿಲ್ಲ, ಸುಟ್ಟಿಲ್ಲ, ನಿನ್ನೆ ರಾತ್ರಿ ಇಡೀ ಯಕ್ಷಗಾನ ತೋರಿಸಿದೆ. ಏನಾಗಿದೆ ಎಂದು ಇದನ್ನು ತೆಗೆಯಬೇಕು?” ಎಂದು ನಮ್ಮ ಮುಂದೆ ಮೊಕದ್ದಮೆ ಹೂಡಿದರು.

“ನನಗೇನಾಗಿತ್ತು ಎಂದು ಅರವತ್ತಕ್ಕೆ ಮನೆಗೆ ಕಳಿಸಿದರು?” ಎಂದರು ಬ್ಯಾಂಕಿನ ರಾಯರು. “ಕೆಲಸ ಬರುವುದಿಲ್ಲ ಎಂದು ಯಾರನ್ನೂ ನಿವೃತ್ತಿ ಮಾಡುವುದಿಲ್ಲ ಶೆಟ್ಟರೇ. ತಾರೀಕು ಬಂತು ಎಂದು ಮಾಡುತ್ತಾರೆ. ಇದರ ನೇಮಕಾತಿ ಯಾವಾಗ?”

ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು ಎಂದು ಅಳಿಯ ಹೇಳಿದ. ರಾಯರು ಬೆರಳು ಮಡಚಿದರು. “ಹತ್ತು ವರ್ಷ, ಎರಡೂವರೆ ತಿಂಗಳು. ಐದು ವರ್ಷ ದಾಟಿದೆ, ಗ್ರಾಚ್ಯುಯಿಟಿ ಸಿಗುತ್ತದೆ.”

ಮೇಷ್ಟ್ರಿಗೆ ಇದರಲ್ಲಿ ವಚನಭಂಗ ಕಂಡಿತು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು, ಮಾತಿಗೆ ತಪ್ಪಿದವರನ್ನು ಇಂದಿಗೂ ಬೆಂಚಿನ ಮೇಲೆ ನಿಲ್ಲಿಸುವ ಮನಸ್ಸು ಅವರದು. “ಇದೇ ಕೊನೆಯ ವಿಂಡೋಸ್ ಎಂದಿದ್ದರಲ್ಲ!” ಎಂದರು. ಅವರ ನೆನಪು ಸುಳ್ಳಲ್ಲ. 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರೇ ಒಬ್ಬರು ಸಮ್ಮೇಳನವೊಂದರಲ್ಲಿ ಹಾಗೆ ಹೇಳಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆರು ವರ್ಷ ಕಳೆದು, 2021ರ ಅಕ್ಟೋಬರ್‌ನಲ್ಲಿ ಹನ್ನೊಂದು ಬಂತು. ಕೊನೆಯ ಪಂದ್ಯವನ್ನು ಎರಡೆರಡು ಸಲ ಆಡುವವರನ್ನು ನಾವು ಕ್ರಿಕೆಟ್ಟಿನಲ್ಲೂ ರಾಜಕೀಯದಲ್ಲೂ ಬೇಕಾದಷ್ಟು ನೋಡಿದ್ದೇವೆ. ಆದರೆ ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ.

“ಹಳೆಯ ವಿಂಡೋಸ್ ಎಕ್ಸ್‌ಪಿಯೇ ಚೆನ್ನಾಗಿತ್ತು” ಎಂದರು ಶೆಟ್ಟರು. “ಪರದೆಯ ಮೇಲೆ ಆ ಹಸಿರು ಗುಡ್ಡ, ನೀಲಿ ಆಕಾಶ. ಬೆಳಿಗ್ಗೆ ಎದ್ದು ನೋಡಿದರೆ ಕುದುರೆಮುಖಕ್ಕೆ ಹೋಗಿಬಂದಂತಾಗುತ್ತಿತ್ತು.”

“ಅದು ಕ್ಯಾಲಿಫೋರ್ನಿಯಾದ ಸೊನೋಮಾ, ಮಾವ.”

“ಇರಬಹುದು. ನನಗೆ ಕುದುರೆಮುಖವೇ.”

ಅಳಿಯ ಐರೋಲಿಯ ಐಟಿ ಕಚೇರಿಯವನು. ವಾರವಿಡೀ ಪರದೇಶದವರ ಸರ್ವರುಗಳನ್ನು ಕಾಯುತ್ತಾನೆ, ಭಾನುವಾರ ಮಾವನ ಮನೆಯಲ್ಲಿ ನೀರುದೋಸೆ ತಿನ್ನಲು ಬಂದವನನ್ನು ನಾವು ಕಾಯಿಸುತ್ತೇವೆ. ಯಂತ್ರದ ಯೋಗ್ಯತೆ ಪರೀಕ್ಷಿಸುವ ತಂತ್ರಾಂಶವನ್ನು ಮೈಕ್ರೋಸಾಫ್ಟೇ ಕೊಡುತ್ತದೆ, ಅದನ್ನು ಓಡಿಸಿದ. ಪಟ್ಟಿ ಬಂತು. ರ್‍ಯಾಮ್ ನಾಲ್ಕು ಜಿಬಿ ಬೇಕು, ಎಂಟು ಇದೆ: ಹಸಿರು. ಡಿಸ್ಕ್‌ನಲ್ಲಿ 64 ಜಿಬಿ ಬೇಕು, ಇದೆ: ಹಸಿರು. ಟಿಪಿಎಂ 2.0: ಕೆಂಪು. ಪ್ರೊಸೆಸರ್: ಕೆಂಪು.

“ಈ ಟಿಪಿಎಂ ಎಂದರೆ ಯಾರಪ್ಪಾ?” ಎಂದರು ಶೆಟ್ಟರು, ಹೋಟೆಲಿಗೆ ಹೊಸ ಇನ್‌ಸ್ಪೆಕ್ಟರ್ ಬಂದಾಗ ಕೇಳುತ್ತಿದ್ದ ದನಿಯಲ್ಲಿ.

ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಟ್ಟರೆ ಅದರ ಕೀಲಿಯನ್ನು ಪ್ರತ್ಯೇಕವಾಗಿ ಕಾಪಾಡುವ ಸಣ್ಣ ಚಿಪ್ ಅದು. ಕಂಪ್ಯೂಟರ್ ಏಳುವಾಗ ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ತಾಳೆ ನೋಡಲೂ ಬೇಕಾಗುತ್ತದೆ ಎಂದು ಅಳಿಯ ವಿವರಿಸಿದ. ಪ್ರತ್ಯೇಕ ಚಿಪ್ ಇಲ್ಲದಿದ್ದರೂ ಎಷ್ಟೋ ಇಂಟೆಲ್ ಯಂತ್ರಗಳಲ್ಲಿ ಅದೇ ಕೆಲಸ ಮಾಡುವ ವ್ಯವಸ್ಥೆ ಒಳಗೇ ಇರುತ್ತದೆ, ಕಾರ್ಖಾನೆಯಿಂದ ಬರುವಾಗ ಆರಿಸಿಟ್ಟಿರುತ್ತಾರೆ ಅಷ್ಟೇ ಎಂದ. ಕಂಪ್ಯೂಟರನ್ನು ಆರಿಸಿ ಹಚ್ಚಿ, ಡಿಲೀಟ್ ಕೀಲಿಯನ್ನು ಟಪಟಪ ಬಡಿದು, ವಿಂಡೋಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗುಗಳ ಜಾಗವಾದ ಬಯಾಸ್‌ನ ಒಳಗೆ ನುಗ್ಗಿದ. ಅಲ್ಲಿ ಮೌಸ್ ಕೂಡ ಹೆದರಿ ಹೆದರಿ ಚಲಿಸುತ್ತಿತ್ತು. ಮೂರನೆಯ ಪುಟದ ಮೂಲೆಯಲ್ಲಿ ಆ ಒಳಗಿನ ವ್ಯವಸ್ಥೆಯ ಹೆಸರು, ಪಿಟಿಟಿ ಎಂಬ ಸಾಲು, ಪಕ್ಕದಲ್ಲಿ ‘ಡಿಸೇಬಲ್ಡ್’. ಅದನ್ನು ಬದಲಿಸಿ, ಎಫ್10 ಒತ್ತಿ ಹೊರಬಂದ. ಮತ್ತೆ ಪರೀಕ್ಷೆ. ಟಿಪಿಎಂ ಹಸಿರಾಯಿತು! ನಾವು ಚಪ್ಪಾಳೆ ತಟ್ಟಿದೆವು. ಒಳಗಿನಿಂದ ಅಕ್ಕ, ಶೆಟ್ಟರ ಹೆಂಡತಿ, ಭಾರತ ಗೆದ್ದಿತೇ ಎಂದು ಕೇಳಿದರು.

ಪ್ರೊಸೆಸರ್ ಮಾತ್ರ ಕೆಂಪಾಗಿಯೇ ಉಳಿಯಿತು. ಇದ್ದದ್ದು ಐ5, ಆರನೆಯ ತಲೆಮಾರಿನದು. ಇಂಟೆಲ್‌ನಲ್ಲಿ ಒಂದೆರಡನ್ನು ಬಿಟ್ಟರೆ ಎಂಟನೆಯ ತಲೆಮಾರಿನಿಂದ ಈಚಿನವು ಮಾತ್ರ ಹನ್ನೊಂದರ ಪಟ್ಟಿಯಲ್ಲಿವೆ.

“ಎಂಟು ತಲೆಮಾರು ಕೇಳುತ್ತಾರೆಯೇ?” ಶೆಟ್ಟರು ಬೆರಗಾದರು. “ನಮ್ಮ ಮನೆಯ ಹೆಣ್ಣು ನೋಡಲು ಬಂದವರೂ ಮೂರಕ್ಕಿಂತ ಹಿಂದೆ ಹೋಗಿರಲಿಲ್ಲ.”

ಪಟ್ಟಿಯ ಕಣ್ಣು ತಪ್ಪಿಸಿ ಹನ್ನೊಂದನ್ನು ಹಾಕುವ ಉಪಾಯಗಳೂ ಇವೆ. ಅಳಿಯ ಅದನ್ನು ಮೆಲ್ಲನೆ ಹೇಳಿದ. ಕಂಪನಿ ಅಂಥ ಯಂತ್ರಕ್ಕೆ ಹೊಣೆ ಹೊರುವುದಿಲ್ಲ, ಮುಂದೆ ಅಪ್‌ಡೇಟ್ ಬಂದರೆ ಬಂತು, ಬಾರದಿದ್ದರೆ ಇಲ್ಲ. ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಿಂಬಾಗಿಲಿನ ನೇಮಕಾತಿ. ಆಡಿಟ್ಟಿನಲ್ಲಿ ಸಿಕ್ಕಿಬೀಳುತ್ತದೆ. ಆಗ ಸಹಿ ಹಾಕಿದವರು ಯಾರು ಎಂದು ಹುಡುಕುತ್ತಾರೆ.” ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮ ಕೂಟದಲ್ಲಿ ಆಡಿಟ್ ಎಂಬ ಪದಕ್ಕಿರುವ ಶಕ್ತಿ ಬ್ರಹ್ಮಾಸ್ತ್ರಕ್ಕೂ ಇಲ್ಲ.

“ಅಪ್‌ಡೇಟ್ ಇಲ್ಲದಿದ್ದರೆ ಆಕಾಶ ಬೀಳುತ್ತದೆಯೇ?” ಶೆಟ್ಟರದು ಕಡೆಯ ಪಟ್ಟು. “ನನ್ನ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ? ಭಜನೆಯ ಹಾಡು, ಮೊಮ್ಮಗನ ನಾಮಕರಣದ ಫೋಟೋ.”

ಇದು ಎಲ್ಲರೂ ಆಡುವ ಮಾತು, ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದೇ ಮನುಷ್ಯ ಅದೇ ಕಂಪ್ಯೂಟರಿನಲ್ಲಿ ಆದಾಯ ತೆರಿಗೆಯ ರಿಟರ್ನ್ ತುಂಬುತ್ತಾರೆ, ಸೊಸೈಟಿಯ ಮೇಂಟೆನೆನ್ಸ್ ಹಣ ಕಟ್ಟುತ್ತಾರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹುಳು ಜಗತ್ತನ್ನು ಸುತ್ತಿದಾಗ ಕಳ್ಳರು ಕಡತಗಳನ್ನು ಓದಲೂ ಇಲ್ಲ. ಬೀಗ ಜಡಿದು, ಬಿಡಿಸಲು ದುಡ್ಡು ಕೇಳಿದರು, ಅಷ್ಟೇ. ನಾಮಕರಣದ ಫೋಟೋ ಕಳ್ಳನಿಗೆ ಬೇಡ, ಅದು ನಿಮಗೆ ಬೇಕು ಎಂಬುದೇ ಅವನ ಬಂಡವಾಳ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ತೂತಿಗೆ ಹಾಕುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿಯೇ ಬಿಟ್ಟಿತ್ತು. ‘ಆಮೇಲೆ ನೆನಪಿಸಿ’ ಎಂದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಶೆಟ್ಟರು “ಅಬ್ಬ, ಚಹಾ ತಣ್ಣಗಾಯಿತು, ಕುಡಿಯಿರಿ” ಎಂದರು.

ಮೇಷ್ಟ್ರು ಹೊಸದನ್ನೇ ಕೊಳ್ಳೋಣ, ಈಗಲೇ ಲ್ಯಾಮಿಂಗ್ಟನ್ ರೋಡಿಗೆ ಹೋಗೋಣ ಎಂದು ಎದ್ದು ಚಪ್ಪಲಿ ಹಾಕಿಕೊಂಡರು. ದುಡ್ಡು ಶೆಟ್ಟರದಾದ್ದರಿಂದ ಅವರ ಉತ್ಸಾಹಕ್ಕೆ ಮೇರೆ ಇರಲಿಲ್ಲ. ಈ ಯಂತ್ರ 2016ರಲ್ಲಿ ಬಂದದ್ದೂ ಅಲ್ಲಿಂದಲೇ. ಬೋರ್ಡು ಒಂದು ಅಂಗಡಿಯಲ್ಲಿ, ಪೆಟ್ಟಿಗೆ ಇನ್ನೊಂದರಲ್ಲಿ, ಜೋಡಣೆ ಮೂರನೆಯದರಲ್ಲಿ. ಆದರೆ ಭಾನುವಾರ ಅಲ್ಲಿ ಮುಕ್ಕಾಲು ಪಾಲು ಬಾಗಿಲು ಮುಚ್ಚಿರುತ್ತದೆ. ಮೇಲಾಗಿ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿಯ ರಿಪೇರಿಗೆಂದು ರೈಲುಗಳನ್ನು ತಡೆಯುವ ದಿನ. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ವೆಸ್ಟರ್ನ್ ಹಿಡಿದು ಗ್ರ್ಯಾಂಟ್ ರೋಡ್ ಮುಟ್ಟುವಷ್ಟರಲ್ಲಿ ವಿಂಡೋಸ್ ಹನ್ನೆರಡು ಬಂದಿರುತ್ತದೆ ಎಂದರು ರಾಯರು. ಕೃತಕ ಬುದ್ಧಿಮತ್ತೆಯ ಭಾರೀ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ ರ್‍ಯಾಮಿನ ಬೆಲೆ ಏರಿ ಕೂತಿದೆ ಎಂದು ಅಳಿಯ ಸೇರಿಸಿದ. ಮೇಷ್ಟ್ರು ಚಪ್ಪಲಿ ಬಿಚ್ಚಿದರು.

ಆಗ ಅಳಿಯ ಕಿಸೆಯಿಂದ ಒಂದು ಪೆನ್ ಡ್ರೈವ್ ತೆಗೆದ. ಅದರಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್. ದುಡ್ಡಿಲ್ಲ, ಕಾಸಿಲ್ಲ, ಎಂಟನೆಯ ತಲೆಮಾರಿನ ಹಂಗಿಲ್ಲ. ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿರುವುದನ್ನು ಮುಟ್ಟುವುದಿಲ್ಲ ಎಂದ.

“ಪುಕ್ಕಟೆಯೇ?” ರಾಯರ ಹುಬ್ಬು ಮೇಲೇರಿತು. “ಯಾರು ಮಾಡಿದ್ದು?”

“ಇದರ ತಿರುಳನ್ನು ಶುರು ಮಾಡಿದವನು ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ, ಲೀನಸ್ ಟೊರ್ವಾಲ್ಡ್ಸ್, 1991ರಲ್ಲಿ. ಈಗ ಜಗತ್ತಿನವರೆಲ್ಲ ಸೇರಿ ಮಾಡುತ್ತಾರೆ.”

“ಎಲ್ಲರೂ ಮಾಡುತ್ತಾರೆ ಎಂದರೆ ಯಾರೂ ಹೊಣೆಯಲ್ಲ ಎಂದಾಯಿತು” ಎಂದರು ರಾಯರು. ಮೇಷ್ಟ್ರು ಇದನ್ನು ಸಹಿಸಲಿಲ್ಲ. ವಿದ್ಯಾದಾನದ ಮೇಲೆ ಹತ್ತು ನಿಮಿಷದ ಪಾಠವಾಯಿತು. ಅಷ್ಟರಲ್ಲಿ ಮಿಂಟ್ ಎದ್ದು ನಿಂತಿತ್ತು. ವೈಫೈ ಸಿಕ್ಕಿತು, ಸದ್ದು ಬಂತು, ಯಕ್ಷಗಾನದ ಚೆಂಡೆಯೂ ಸರಿಯಾಗಿಯೇ ಕೇಳಿಸಿತು. ಶೆಟ್ಟರ ಮುಖ ಅರಳಿತು. ಹೊಸ ವ್ಯವಸ್ಥೆಯ ಪರೀಕ್ಷೆ ಅವರ ಪಾಲಿಗೆ ಚೆಂಡೆಗೆ ಮುಗಿದಿತ್ತು.

ಕೈ ಒರೆಸಿಕೊಳ್ಳುತ್ತ ಅಕ್ಕ ಹೊರಗೆ ಬಂದದ್ದು ಆಗ. ನಿಜ ಹೇಳಬೇಕೆಂದರೆ ಆ ಕಂಪ್ಯೂಟರ್ ಶೆಟ್ಟರದ್ದಲ್ಲ, ಬಿಲ್ ಮಾತ್ರ ಶೆಟ್ಟರ ಹೆಸರಿನದು. ಭಜನಾ ಮಂಡಳಿಯ ಹಾಡುಗಳು, ಮಹಿಳಾ ಬಳಗದ ಸಭೆಯ ನಡಾವಳಿ, ಊರಿನ ನೇಮದ ಖರ್ಚಿನ ಲೆಕ್ಕ, ಎಲ್ಲವನ್ನೂ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿ ವರ್ಷವಾರು ಜೋಡಿಸಿಟ್ಟವರು ಅವರು. “ನನ್ನ ಕಡತ ಒಂದನ್ನು ತೆರೆ ನೋಡೋಣ” ಎಂದರು.

ಅಳಿಯ ತೆರೆದ. ಪರದೆಯ ಮೇಲೆ ಪುರಂದರದಾಸರ ಜಾಗದಲ್ಲಿ ರೋಮನ್ ಅಕ್ಷರಗಳ ಸಂತೆ: ಒಂದರ ತಲೆಯ ಮೇಲೆ ಟೋಪಿ, ಒಂದರ ಮೇಲೆ ಎರಡು ಚುಕ್ಕಿ, ನಡುನಡುವೆ ಪೌಂಡಿನ ಚಿಹ್ನೆ. ಮೇಷ್ಟ್ರು ಪರದೆಯ ಬಳಿ ಹೋಗಿ ಓದುವವರಂತೆ ತುಟಿಯಾಡಿಸಿ ಸೋತರು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಇಂಗ್ಲಿಷೇ ಹೊರಬೀಳುತ್ತದೆ. ಫಾಂಟನ್ನು ಇಲ್ಲಿಗೂ ಹಾಕಬಹುದು, ಇಲ್ಲವೇ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದರೆ ಯಾವ ಯಂತ್ರದಲ್ಲಾದರೂ ಓದಬಹುದು, ಟೈಪು ಮಾಡುವ ಕ್ರಮವೂ ಬದಲಾಗುವುದಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕನ್ನಡ ಕೀಲಿಮಣೆ ಲಿನಕ್ಸಿನಲ್ಲೂ ಇದೆ ಎಂದು ಅಳಿಯ ಬೆವರುತ್ತ ಹೇಳಿದ. ಕೆ.ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಮುಂಬಯಿಯಲ್ಲೂ ಕೆಲಸ ಮಾಡಿದವರು ಎಂಬುದು ನೆನಪಾಗಿ ಶೆಟ್ಟರು ಎದೆಯುಬ್ಬಿಸಿದರು, ಕೀಲಿಮಣೆಯನ್ನು ತಾವೇ ಮಾಡಿದವರ ಹಾಗೆ.

“ಪರಿವರ್ತನೆಯಲ್ಲಿ ಒಂದು ಒತ್ತಕ್ಷರವೂ ತಪ್ಪುವುದಿಲ್ಲವೇ?” ಅಕ್ಕ ಕೇಳಿದರು.

“ಅಲ್ಲೊಂದು ಇಲ್ಲೊಂದು ತಪ್ಪಬಹುದು.”

“ಯಾರು ತಿದ್ದುತ್ತಾರೆ? ನೀನೋ, ಮೇಷ್ಟ್ರೋ?”

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಸಾವಿರಾರು ಉತ್ತರಪತ್ರಿಕೆ ತಿದ್ದಿದ ಕೈ ಅದು, ಮತ್ತೆ ಕೆಂಪು ಶಾಯಿ ಹಿಡಿಯುವ ಆಸೆ ಉಳಿದಿರಲಿಲ್ಲ.

“ಹಾಗಾದರೆ ಇದ್ದದ್ದೇ ಇರಲಿ. ಎಲ್ಲ ಕಡತಗಳನ್ನೂ ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡು. ಆಮೇಲೆ ನೀವು ಏನು ಬೇಕಾದರೂ ಮಾತಾಡಿ” ಎಂದರು ಅಕ್ಕ. ಬೆಳಗಿನಿಂದ ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ತಾಂತ್ರಿಕವಾಗಿ ಸರಿಯಾದದ್ದು ಬಹುಶಃ ಅದೊಂದೇ.

ನಕಲು ಆಗುತ್ತಿರುವಾಗ ಅಳಿಯ ಇನ್ನೊಂದು ವಿಷಯ ಬಾಯಿಬಿಟ್ಟ. ವಿಂಡೋಸ್ 10ಕ್ಕೇ ಇನ್ನೊಂದು ವರ್ಷ ಭದ್ರತೆಯ ತೇಪೆಗಳು ಸಿಗುವ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ. ಮೂವತ್ತು ಡಾಲರ್ ಕೊಡಬಹುದು; ಇಲ್ಲವೇ ಸಾವಿರ ರಿವಾರ್ಡ್ ಪಾಯಿಂಟ್; ಎರಡೂ ಬೇಡವಾದರೆ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಪುಕ್ಕಟೆ.

“ಎಕ್ಸ್‌ಟೆನ್ಶನ್!” ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ತಾವು ಹಾಕಿದ ಅರ್ಜಿಯನ್ನು ವಲಯ ಕಚೇರಿ ತಿರಸ್ಕರಿಸಿದ ನೋವು ಅವರಲ್ಲಿ ಇನ್ನೂ ಹಸಿಯಾಗಿತ್ತು. “ಇದನ್ನು ಮೊದಲೇ ಹೇಳಬಾರದಿತ್ತೇ? ಹೊಸ ಸೌಲಭ್ಯವೇನಾದರೂ?”

“ಏನೂ ಇಲ್ಲ. ತೇಪೆ ಮಾತ್ರ.”

“ಬಡ್ತಿ ಇಲ್ಲ, ಸಂಬಳ ಇಲ್ಲ, ಕುರ್ಚಿ ಮಾತ್ರ ಉಂಟು. ಒಳ್ಳೆಯ ಎಕ್ಸ್‌ಟೆನ್ಶನ್. ಅರ್ಜಿ ಹಾಕಿ!”

ಅರ್ಜಿಗೆ ಖಾತೆಯ ಪಾಸ್‌ವರ್ಡ್ ಬೇಕಾಯಿತು. ಅಕ್ಕ ರೇಷನ್ ಲೆಕ್ಕದ ಪುಸ್ತಕ ತಂದರು. ಪಾಸ್‌ವರ್ಡನ್ನು ಕನ್ನಡದಲ್ಲಿ ಬರೆದಿಟ್ಟಿದ್ದರು, ಕಳ್ಳರಿಗೆ ತಿಳಿಯದಿರಲಿ ಎಂದು. ‘ಕ್ಯಾಪಿಟಲ್ ಎಸ್, ಆಮೇಲೆ ಎಚ್, ಇ, ಅಣ್ಣನ ಕಾರಿನ ನಂಬರು.’ ಅಣ್ಣ ಎರಡು ಕಾರು ಮಾರಿ ಮೂರನೆಯದನ್ನು ಓಡಿಸುತ್ತಿದ್ದರು, ಊರಿಗೆ ಫೋನು ಹೋಯಿತು. ನಂಬರು ಸಿಕ್ಕಿತು, ಒಳಗೆ ಬಿಡುವ ಮೊದಲು ಓಟಿಪಿ ಕೇಳಿತು. ಓಟಿಪಿ ಹೋದದ್ದು ದುಬೈಯ ಮಗನ ಮೊಬೈಲಿಗೆ. ಅವನು ಮೀಟಿಂಗಿನಲ್ಲಿದ್ದ, ದುಬೈಯಲ್ಲಿ ಭಾನುವಾರ ರಜೆಯಲ್ಲವೇ ಎಂಬ ಪ್ರಶ್ನೆಯನ್ನು ಅಕ್ಕ ಬೇರೆ ವೇಳೆಗೆಂದು ಕಾದಿರಿಸಿಕೊಂಡರು. ಅವನು ಹೇಳಿದ ಅಂಕೆಗಳನ್ನು ಶೆಟ್ಟರು ಮೇಷ್ಟ್ರಿಗೆ, ಮೇಷ್ಟ್ರು ಅಳಿಯನಿಗೆ ದಾಟಿಸುವಷ್ಟರಲ್ಲಿ ಅವಧಿ ತೀರಿತು. ಎರಡನೆಯದನ್ನು ಅಕ್ಕನೇ ಫೋನು ಕಸಿದುಕೊಂಡು ಕೇಳಿದರು. ಪರದೆಯ ಮೇಲೆ ನೋಂದಣಿ ಆಯಿತೆಂಬ ಸಾಲು ಬಂತು.

ರಾಯರು ಆಗಲೇ ಗೋಡೆಯ ಮೇಲಿನ ಹೊಸ ಕಾಲನಿರ್ಣಯವನ್ನು ತಿರುವುತ್ತಿದ್ದರು. “ಅಕ್ಟೋಬರ್ 13, ಮಂಗಳವಾರ. ನವರಾತ್ರಿಯ ನಡುವೆ ಬರುತ್ತದೆ.”

“ನವರಾತ್ರಿಯಲ್ಲಿ ಮನೆಯಿಂದ ಏನನ್ನೂ ಹೊರಗೆ ಹಾಕುವುದಿಲ್ಲ” ಎಂದರು ಅಕ್ಕ. “ಆಯುಧಪೂಜೆ ಆಗಲಿ, ಅದಕ್ಕೂ ಹೂವು ಕುಂಕುಮ ಬೇಡವೇ?”

“ಅಂದರೆ ಒಂದು ವಾರ ಅನಧಿಕೃತ ಸೇವೆ” ಎಂದರು ರಾಯರು.

“ಇಂಟರ್ನೆಟ್ಟಿನ ತಂತಿ ಕಿತ್ತಿಟ್ಟು ಪೂಜೆ ಮಾಡಿ, ಅತ್ತೆ” ಎಂದ ಅಳಿಯ, ನೀರುದೋಸೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ.