ಎಚ್-ಸೂಚ್ಯಂಕವನ್ನು ಕ್ಷೇತ್ರದ ಸರಾಸರಿಯಿಂದ ಭಾಗಿಸಿದರೂ ಹೋಲಿಕೆ ಕೂಡಿಬರುತ್ತಿಲ್ಲ: ಸಹಾಯ ಬೇಕಾಗಿದೆ

ಆಯ್ಕೆಮೇಜು:
ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ವಿಷಯಗಳ ವಿದ್ವಾಂಸರನ್ನು ಒಂದೇ ಗೌರವಕ್ಕೆ ಪರಿಶೀಲಿಸುತ್ತಿರುವ ಸಮಿತಿಯೊಂದಕ್ಕೆ ಅಂಕಿಗಳನ್ನು ಸಿದ್ಧಪಡಿಸಿಕೊಡುವ ಹೊಣೆ ನನ್ನದಾಗಿದೆ. ಬರಿಯ ಎಚ್-ಸೂಚ್ಯಂಕವನ್ನು (ತಲಾ 15 ಬಾರಿಯಾದರೂ ಬೇರೆ ಬರಹಗಳಲ್ಲಿ ಉಲ್ಲೇಖಗೊಂಡ 15 ಲೇಖನಗಳಿದ್ದರೆ ಎಚ್ 15) ಮುಂದಿಟ್ಟರೆ ಕೋಶವಿಜ್ಞಾನದವರು ಸದಾ ಮೇಲೆಯೂ ಗಣಿತ, ಇತಿಹಾಸಗಳವರು ಸದಾ ಕೆಳಗೂ ಉಳಿಯುತ್ತಾರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಪ್ರತಿಯೊಬ್ಬರ ಸೂಚ್ಯಂಕವನ್ನು ಅವರವರ ಕ್ಷೇತ್ರದ ಸರಾಸರಿ ಸೂಚ್ಯಂಕದಿಂದ ಭಾಗಿಸಿದೆ. ನಿಜವಾದ ಅಂಕಿಗಳನ್ನು ಇಲ್ಲಿ ಹಾಕುವಂತಿಲ್ಲವಾದ್ದರಿಂದ ಅನುಪಾತ ಕೆಡದಂತೆ ಬದಲಿಸಿ ಹೇಳುತ್ತೇನೆ: ಕೋಶವಿಜ್ಞಾನಿಗೆ 48 ಭಾಗ 16, ಅಂದರೆ 3, ಗಣಿತಜ್ಞರಿಗೆ 15 ಭಾಗ 6, ಅಂದರೆ 2.5, ಇತಿಹಾಸಕಾರರಿಗೆ 12 ಭಾಗ 1.5, ಅಂದರೆ 8. ಇತಿಹಾಸಕಾರರು ಒಳ್ಳೆಯ ವಿದ್ವಾಂಸರೇ ಇರಬಹುದು, ಆದರೆ ಉಳಿದವರ ಎರಡೂವರೆ ಪಟ್ಟಿಗೂ ಹೆಚ್ಚು ಎಂದರೆ ಸಮಿತಿಯಲ್ಲಿ ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಸೂತ್ರ ಸರಿಯಾಗಿದೆ, ಹಾಳೆಯಲ್ಲಿ ತಪ್ಪಿಲ್ಲ. ದಯವಿಟ್ಟು ಯಾರೂ ಸೂಚ್ಯಂಕವೇ ಕೆಟ್ಟದ್ದು ಎಂದು ಉತ್ತರಿಸಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಗ್ರಂಥಾಲಯದಿಂದ:
ಇದು ನೂರಕ್ಕೆ ತೊಂಬತ್ತು ಪಾಲು ಹೆಸರಿನ ಸಮಸ್ಯೆ. ಒಂದೇ ಹೆಸರಿನ ಇಬ್ಬರು ಮೂವರ ಲೇಖನಗಳು ಒಂದೇ ಪ್ರೊಫೈಲಿನಲ್ಲಿ ಸೇರಿಕೊಂಡರೆ ಸೂಚ್ಯಂಕ ಏರುತ್ತದೆ. ಒಬ್ಬರ ಲೇಖನಗಳೇ ಎರಡು ಪ್ರೊಫೈಲುಗಳಿಗೆ ಹಂಚಿಹೋದರೆ ಇಳಿಯುತ್ತದೆ. ಈ ಗೊಂದಲವನ್ನು ತಪ್ಪಿಸಲೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತುಸಂಖ್ಯೆ ಬಂದದ್ದು. ಮೊದಲು ಆ ಇತಿಹಾಸಕಾರರ ಲೇಖನಗಳ ಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸಿ, ಆಮೇಲೆ ಉಳಿದ ಮಾತು.

ಉಪಪ್ರಮೇಯ:
ಹೆಸರಿನ ಪರಿಶೀಲನೆ ಬೇಕೇ ಬೇಕು, ಆದರೆ ನನಗೆ ಅಂಶಕ್ಕಿಂತ ಛೇದದ ಮೇಲೆ ಅನುಮಾನ ಹೆಚ್ಚು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಎಚ್-ಸೂಚ್ಯಂಕವನ್ನು ಮುಂದಿಟ್ಟಾಗಲೇ, ಜೀವವಿಜ್ಞಾನಗಳಲ್ಲಿ ಇದರ ಬೆಲೆ ಭೌತವಿಜ್ಞಾನಕ್ಕಿಂತ ಮೇಲಿರುತ್ತದೆ ಎಂಬುದನ್ನು ಗುರುತಿಸಿದ್ದರು. ಕ್ಷೇತ್ರದ ಸರಾಸರಿಯಿಂದ ಭಾಗಿಸುವ ನಿಮ್ಮ ವಿಧಾನವನ್ನು ಕೌರ್, ರಾಡಿಕ್ಕಿ, ಮೆಂಜರ್ ಅವರು 2013ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ, ವಿಧಾನದಲ್ಲಿ ದೋಷವಿಲ್ಲ. ನೀವು ಹೇಳದೆ ಬಿಟ್ಟಿರುವ ಸಂಗತಿಗಳು ಮೂರಿವೆ. ಸೂಚ್ಯಂಕವನ್ನು ಯಾವ ಡೇಟಾಬೇಸಿನಿಂದ ತೆಗೆದಿರಿ? ಸರಾಸರಿಯನ್ನು ಯಾವುದರಿಂದ ತೆಗೆದಿರಿ? ಆ ಸರಾಸರಿಯಲ್ಲಿ ಸೇರಿರುವವರು ಯಾರು, ಒಂದೇ ಲೇಖನ ಬರೆದು ಸಂಶೋಧನೆಯನ್ನೇ ಬಿಟ್ಟವರೂ ಅದರಲ್ಲಿ ಇದ್ದಾರೆಯೇ?

ಆಯ್ಕೆಮೇಜು:
ಹೆಸರುಗಳನ್ನು ಆಗಲೇ ಪರಿಶೀಲಿಸಿದ್ದೇನೆ, ಅಭ್ಯರ್ಥಿಗಳೇ ತಮ್ಮ ಪಟ್ಟಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಸೂಚ್ಯಂಕ ಗೂಗಲ್ ಸ್ಕಾಲರ್‌ನದು. ಎಲ್ಲರೂ ಬಳಸುವುದು ಅದನ್ನೇ ತಾನೆ? ಸರಾಸರಿಗಳು ಸಮಿತಿಯ ಕಡತದಲ್ಲಿ ಮೊದಲಿನಿಂದಲೂ ಇದ್ದವು.

ಗ್ರಂಥಾಲಯದಿಂದ:
ಅಭ್ಯರ್ಥಿಗಳ ಒಪ್ಪಿಗೆ ಸಾಲದು. ಸ್ಕಾಲರ್ ಪ್ರೊಫೈಲಿಗೆ ಹೊಸ ಲೇಖನಗಳು ತಾವಾಗಿಯೇ ಸೇರುವ ವ್ಯವಸ್ಥೆ ಇದೆ, ಎಷ್ಟೋ ಮಂದಿ ಅದನ್ನು ಮತ್ತೆ ತೆರೆದೂ ನೋಡುವುದಿಲ್ಲ. ಮೊದಲಕ್ಷರ ಮಾತ್ರ ಇರುವ ಹೆಸರುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹೆಸರು ಶುದ್ಧವಾಗುವ ತನಕ ಯಾವ ಲೆಕ್ಕವನ್ನೂ ನಂಬಬೇಡಿ ಎಂಬುದೇ ನನ್ನ ಸಲಹೆ.

ದತ್ತಾಂಶಗಣಿ:
ಸ್ಕಾಲರ್‌ನಿಂದ ಒಟ್ಟೊಟ್ಟಿಗೆ ದತ್ತಾಂಶವನ್ನು ಇಳಿಸಿಕೊಳ್ಳಲು ಅಧಿಕೃತ ದಾರಿಯೇ ಇಲ್ಲ, ಹೀಗಿರುವಾಗ ಅದನ್ನು ಲೆಕ್ಕಕ್ಕೆ ಆಧಾರ ಮಾಡಿಕೊಳ್ಳುವುದೇಕೆ? ನಾನು ಓಪನ್‌ಅಲೆಕ್ಸ್ ಎಂಬ ಮುಕ್ತ ಉಲ್ಲೇಖ ಡೇಟಾಬೇಸಿನ ಇಡೀ ಸಂಗ್ರಹವನ್ನು ನನ್ನ ಯಂತ್ರದಲ್ಲೇ ಇಳಿಸಿಟ್ಟುಕೊಂಡಿದ್ದೇನೆ. ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ನಿಂತ ಮೇಲೆ 2022ರ ಜನವರಿಯಲ್ಲಿ ಇದು ಆರಂಭವಾಯಿತು, ಉಚಿತವಾಗಿ ಸಿಗುತ್ತದೆ. ಯಾವ ಲೇಖಕರ ಯಾವ ಸೂಚ್ಯಂಕವನ್ನಾದರೂ ಕೇಳಿದ ಕೂಡಲೇ ಪಡೆಯಬಲ್ಲೆ. ಇನ್ನೊಂದು ಮಾತು: ಎಚ್ ಬಿಟ್ಟು ಜಿ-ಸೂಚ್ಯಂಕ ಹಿಡಿಯಿರಿ. 2006ರಲ್ಲಿ ಲಿಯೋ ಎಗ್ಗೆ ಸೂಚಿಸಿದ ಈ ಅಳತೆಯು ಒಬ್ಬರ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುತ್ತದೆ.

ಉಪಪ್ರಮೇಯ:
ದತ್ತಾಂಶಗಣಿ ಅವರೇ, ಜಿ-ಸೂಚ್ಯಂಕ ಇಲ್ಲಿ ಏನನ್ನೂ ಬಗೆಹರಿಸುವುದಿಲ್ಲ. ಹತ್ತು ಲೇಖನಗಳಲ್ಲಿ ಒಂದಕ್ಕೆ 500 ಉಲ್ಲೇಖಗಳು, ಉಳಿದ ಒಂಬತ್ತಕ್ಕೆ ತಲಾ ಒಂದು ಎಂದಿಟ್ಟುಕೊಳ್ಳಿ. ಎಚ್ 1 ಆಗುತ್ತದೆ. ಜಿ ಎಂದರೆ, ಹೆಚ್ಚು ಉಲ್ಲೇಖಗೊಂಡ ಅಷ್ಟು ಲೇಖನಗಳ ಒಟ್ಟು ಉಲ್ಲೇಖಗಳು ತನ್ನ ವರ್ಗದಷ್ಟಾದರೂ ಇರುವ ಅತಿ ದೊಡ್ಡ ಸಂಖ್ಯೆ. ಒಟ್ಟು 509 ಉಲ್ಲೇಖಗಳು 10ರ ವರ್ಗವಾದ 100ನ್ನು ಮೀರಿರುವುದರಿಂದ ಜಿ 10 ಆಗುತ್ತದೆ. ಒಂದೇ ಲೇಖನ ಇಡೀ ಲೆಕ್ಕವನ್ನು ಎತ್ತಿಬಿಟ್ಟಿತು. ಕ್ಷೇತ್ರಕ್ಷೇತ್ರಗಳ ನಡುವಿನ ಅಂತರವಂತೂ ಹಾಗೆಯೇ ಉಳಿಯಿತು.

ದತ್ತಾಂಶಗಣಿ:
ಆ ಒಂದು ಲೇಖನವೇ ಕ್ಷೇತ್ರದ ದಿಕ್ಕನ್ನು ಬದಲಿಸಿರಬಹುದಲ್ಲವೇ? ಅಂಥ ಸಾಧನೆಗೆ 1 ಎಂಬ ಅಂಕ ಕೊಡುವ ಅಳತೆಯನ್ನು ನಾನು ನ್ಯಾಯವೆಂದು ಒಪ್ಪಲಾರೆ. ಎಚ್-ಸೂಚ್ಯಂಕದಲ್ಲಿ ಆಂತರಿಕ ಅಸಂಗತಿ ಇದೆ ಎಂದು ವಾಲ್ಟ್‌ಮನ್ ಮತ್ತು ಫಾನ್ ಎಕ್ 2012ರಲ್ಲಿಯೇ ತೋರಿಸಿದ್ದಾರೆ: ಇಬ್ಬರು ವಿದ್ವಾಂಸರಿಗೆ ಒಂದೇ ಬಗೆಯ ಹೊಸ ಲೇಖನಗಳು ಸೇರಿದರೂ ಅವರ ಸ್ಥಾನಗಳು ಅದಲುಬದಲಾಗಬಹುದು.

ಉಪಪ್ರಮೇಯ:
ಅವರ ಆಕ್ಷೇಪ ಸರಿಯಾದದ್ದೇ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಇತಿಹಾಸದ ಛೇದ 1.5 ಏಕೆ ಇದೆ ಎಂಬುದನ್ನು ಮೊದಲು ನೋಡೋಣ. ಛೇದ ಅಷ್ಟು ಚಿಕ್ಕದಾಗಿದ್ದರೆ ಎಚ್ ಒಂದಂಕಿ ಏರಿದರೂ ಫಲಿತಾಂಶ 0.67ರಷ್ಟು ಜಿಗಿಯುತ್ತದೆ, ಕೋಶವಿಜ್ಞಾನದಲ್ಲಿ ಅದೇ ಒಂದಂಕಿಗೆ 0.06 ಮಾತ್ರ.

ಹಳೆಯಪುಟ:
ನಾನು ಇತಿಹಾಸದ ಸಂಶೋಧಕಿ, ಆದ್ದರಿಂದ ನಮ್ಮ ಕ್ಷೇತ್ರದ ಕಡೆಯಿಂದ ಹೇಳುತ್ತೇನೆ. ನಾವು ಮುಖ್ಯವಾಗಿ ಬರೆಯುವುದು ಪುಸ್ತಕಗಳನ್ನು; ನಮ್ಮನ್ನು ಉಲ್ಲೇಖಿಸುವುದೂ ಬಹುಪಾಲು ಪುಸ್ತಕಗಳೇ, ಅದೂ ಪ್ರಕಟವಾಗಿ ಹತ್ತಾರು ವರ್ಷಗಳಾದ ಮೇಲೂ. ವೆಬ್ ಆಫ್ ಸೈನ್ಸ್, ಸ್ಕೋಪಸ್ ಎಂಬ ಉಲ್ಲೇಖ ಡೇಟಾಬೇಸುಗಳು ಮೂಲತಃ ಜರ್ನಲ್‌ಗಳನ್ನು ನೆಚ್ಚಿಕೊಂಡು ಬೆಳೆದವು. 1964ರಲ್ಲಿ ಯುಜೀನ್ ಗಾರ್ಫೀಲ್ಡ್ ಹೊರತಂದ ವಿಜ್ಞಾನ ಉಲ್ಲೇಖಸೂಚಿ ಇದ್ದದ್ದೇ ಹಾಗೆ, ಪುಸ್ತಕಗಳಿಗೆಂದು ಪ್ರತ್ಯೇಕ ಸೂಚಿ ವೆಬ್ ಆಫ್ ಸೈನ್ಸ್‌ಗೆ ಸೇರಿದ್ದು 2011ರಲ್ಲಿ. ಗೂಗಲ್ ಸ್ಕಾಲರ್ ಹಾಗಲ್ಲ, ಪುಸ್ತಕಗಳು, ಮಹಾಪ್ರಬಂಧಗಳು, ವರದಿಗಳು ಎಲ್ಲದರೊಳಗಿನ ಉಲ್ಲೇಖಗಳನ್ನೂ ಎಣಿಸುತ್ತದೆ. ನಿಮ್ಮ ಸಮಿತಿಯ ಸರಾಸರಿ ಜರ್ನಲ್ ಆಧಾರಿತ ಡೇಟಾಬೇಸಿನಿಂದ ಬಂದಿದ್ದರೆ, ಅಂಶದಲ್ಲಿ ಪುಸ್ತಕಗಳಿವೆ, ಛೇದದಲ್ಲಿ ಇಲ್ಲ. ಕೋಶವಿಜ್ಞಾನದಲ್ಲಿ ಎಲ್ಲವೂ ಜರ್ನಲ್‌ಗಳಲ್ಲೇ ನಡೆಯುವುದರಿಂದ ಈ ವ್ಯತ್ಯಾಸ ಅಲ್ಲಿ ಎದ್ದುಕಾಣುವುದಿಲ್ಲ. ಕಡತದ ಮೂಲ ಯಾವುದೆಂದು ದಯವಿಟ್ಟು ಒಮ್ಮೆ ವಿಚಾರಿಸಿ.

ಉಪಪ್ರಮೇಯ:
ಹಳೆಯಪುಟ ಅವರು ಹೇಳಿದ್ದೇ ಸರಿಯಾದ ಜಾಗ. 2013ರ ಆ ಅಧ್ಯಯನ ಸ್ಕಾಲರೋಮೀಟರ್ ಎಂಬ ಸಾಧನದ ದತ್ತಾಂಶವನ್ನು ಆಧರಿಸಿತ್ತು, ಆ ಸಾಧನವು ಲೇಖಕರ ಸೂಚ್ಯಂಕವನ್ನೂ ಕ್ಷೇತ್ರದ ಸರಾಸರಿಯನ್ನೂ ಗೂಗಲ್ ಸ್ಕಾಲರ್‌ನಿಂದಲೇ ಪಡೆಯುತ್ತಿತ್ತು. ಮೇಲೆ ಕೆಳಗೆ ಒಂದೇ ಮೂಲವಿರಬೇಕು ಎಂಬುದು ಆ ವಿಧಾನದ ಅಡಿಪಾಯ.

ಆಯ್ಕೆಮೇಜು:
ವಿಚಾರಿಸಿದೆ. ಕಡತದ ಸರಾಸರಿಗಳು ವೆಬ್ ಆಫ್ ಸೈನ್ಸ್‌ನ ಜರ್ನಲ್ ಲೇಖನಗಳಿಂದ ತೆಗೆದವು, ಒಂದೇ ಒಂದು ಲೇಖನ ಇರುವವರೂ ಅದರಲ್ಲಿ ಸೇರಿದ್ದಾರೆ. ಅಭ್ಯರ್ಥಿಗಳ ಸೂಚ್ಯಂಕವನ್ನೂ ಅದರಿಂದಲೇ ತೆಗೆದು ನೋಡಿದರೆ ಇತಿಹಾಸಕಾರರದು 12ರಿಂದ 3ಕ್ಕೆ ಇಳಿಯಿತು, ಅನುಪಾತ 2 ಆಯಿತು. ಎಂಟು ಎಂಬ ಅಸಹಜ ಸಂಖ್ಯೆಯೇನೋ ಹೋಯಿತು. ಆದರೆ ಅವರ ಎರಡು ದೊಡ್ಡ ಪುಸ್ತಕಗಳು ಲೆಕ್ಕದಿಂದಲೇ ಮಾಯವಾದವು, ಇದು ಮೊದಲಿನದಕ್ಕಿಂತ ದೊಡ್ಡ ಅನ್ಯಾಯದಂತೆ ಕಾಣುತ್ತಿದೆ. ಇದರ ಜೊತೆಗೆ ಗಣಿತಜ್ಞರ ಸಂಗತಿ ಹಾಗೆಯೇ ಉಳಿದಿದೆ: ಅವರ ಅರ್ಧದಷ್ಟು ಲೇಖನಗಳು ವಂಶವಾಹಿ ದತ್ತಾಂಶದ ಸಂಖ್ಯಾಶಾಸ್ತ್ರಕ್ಕೆ ಸೇರಿದವು. ಅವರನ್ನು ಯಾವ ಕ್ಷೇತ್ರದ ಸರಾಸರಿಯಿಂದ ಭಾಗಿಸಬೇಕು?

ಗ್ರಂಥಾಲಯದಿಂದ:
ಆ ಗಣಿತಜ್ಞರ ವಿಷಯದಲ್ಲಾದರೂ ಹೆಸರನ್ನು ಇನ್ನೊಮ್ಮೆ ನೋಡಿ. ಗಣಿತದ ಲೇಖನಗಳೂ ವಂಶವಾಹಿಯ ಲೇಖನಗಳೂ ಒಂದೇ ಪ್ರೊಫೈಲಿನಲ್ಲಿ ಇವೆ ಎಂದರೆ ಅವರು ಇಬ್ಬರಾಗಿರುವ ಸಾಧ್ಯತೆ ಇದೆ.

ಆಯ್ಕೆಮೇಜು:
ಅವರು ಒಬ್ಬರೇ. ಅವರೊಡನೆ ನಾನೇ ಮಾತನಾಡಿದ್ದೇನೆ.

ಉಪಪ್ರಮೇಯ:
ಇಂಥ ವಿದ್ವಾಂಸರಿಗೆ ವ್ಯಕ್ತಿಯ ಮಟ್ಟದಲ್ಲಿ ಭಾಗಿಸುವುದನ್ನು ಬಿಟ್ಟು ಲೇಖನದ ಮಟ್ಟಕ್ಕೆ ಇಳಿಯಬೇಕು. ಪ್ರತಿ ಲೇಖನದ ಉಲ್ಲೇಖಸಂಖ್ಯೆಯನ್ನು ಅದೇ ಕ್ಷೇತ್ರದಲ್ಲಿ ಅದೇ ವರ್ಷ ಪ್ರಕಟವಾದ ಲೇಖನಗಳ ಸರಾಸರಿಯಿಂದ ಭಾಗಿಸಿ. ರಾಡಿಕ್ಕಿ, ಫಾರ್ಚುನಾಟೊ, ಕಾಸ್ಟೆಲ್ಲಾನೊ ಅವರು 2008ರಲ್ಲಿ ಹೀಗೆ ಭಾಗಿಸಿದಾಗ, ತಾವು ಪರಿಶೀಲಿಸಿದ ಕ್ಷೇತ್ರಗಳ ಹಂಚಿಕೆಗಳು ಹೆಚ್ಚುಕಡಿಮೆ ಒಂದೇ ರೇಖೆಯ ಮೇಲೆ ಬಂದು ಕೂತದ್ದನ್ನು ಕಂಡರು. ಎಲ್ಲ ಕ್ಷೇತ್ರಗಳಿಗೂ ಇದು ಹೊಂದುವುದಿಲ್ಲ ಎಂದು ಆಮೇಲಿನ ಪರಿಶೀಲನೆಗಳು ತೋರಿಸಿವೆ. ಉಲ್ಲೇಖವೇ ವಿರಳವಾಗಿರುವ ಕಡೆ ಇದರ ಹಿಡಿತ ಸಡಿಲ. ಆದರೂ ನಿಮ್ಮ ಗಣಿತಜ್ಞರ ಶುದ್ಧಗಣಿತದ ಲೇಖನ ಗಣಿತದೊಡನೆಯೂ, ವಂಶವಾಹಿಯ ಲೇಖನ ಅದರ ಓರಗೆಯವುಗಳೊಡನೆಯೂ ತೂಗುತ್ತದೆ. ಸ್ಕೋಪಸ್‌ನಲ್ಲಿ ಕ್ಷೇತ್ರಕ್ಕೆ ಹೊಂದಿಸಿದ ಉಲ್ಲೇಖ ಪ್ರಭಾವ ಎಂದು ಕೊಡುವುದೂ ಇದೇ ಬಗೆಯದು, 1 ಎಂದರೆ ಜಾಗತಿಕ ಸರಾಸರಿ. ಸರಾಸರಿಗಿಂತಲೂ ಶತಾಂಶ ಉತ್ತಮ ಎಂಬುದು ನನ್ನ ಅಭಿಪ್ರಾಯ: ಉಲ್ಲೇಖಗಳ ಹಂಚಿಕೆ ಬಹಳ ಓರೆಯಾಗಿರುವುದರಿಂದ ಕೆಲವೇ ಲೇಖನಗಳು ಸರಾಸರಿಯನ್ನು ಎಳೆದೊಯ್ಯುತ್ತವೆ. ಎಷ್ಟು ಲೇಖನಗಳು ತಮ್ಮ ಕ್ಷೇತ್ರದ, ತಮ್ಮ ವರ್ಷದ ಮೇಲಿನ ಶೇ. 10ರಲ್ಲಿವೆ ಎಂದು ಎಣಿಸಿದರೆ ಆ ಎಳೆತ ತಗ್ಗುತ್ತದೆ.

ದತ್ತಾಂಶಗಣಿ:
ಕ್ಷೇತ್ರವನ್ನು ಗುರುತಿಸುವ ತೊಡಕನ್ನೇ ದಾಟುವ ಇನ್ನೊಂದು ದಾರಿಯಿದೆ. 2016ರಲ್ಲಿ ಬಂದ ಸಾಪೇಕ್ಷ ಉಲ್ಲೇಖ ಅನುಪಾತವು, ಒಂದು ಲೇಖನದ ಜೊತೆಜೊತೆಗೆ ಬೇರೆಯವರು ಉಲ್ಲೇಖಿಸುವ ಲೇಖನಗಳನ್ನೇ ಅದರ ಕ್ಷೇತ್ರವೆಂದು ಪರಿಗಣಿಸುತ್ತದೆ. ನನ್ನ ಸಂಗ್ರಹದಲ್ಲಿ ಸಹ-ಉಲ್ಲೇಖಗಳ ಜಾಲ ಸಿದ್ಧವಾಗಿದೆ, ಗಣಿತಜ್ಞರ ಲೇಖನಗಳ ಡಿಒಐ (ಪ್ರತಿ ಲೇಖನಕ್ಕೂ ಇರುವ ಗುರುತುಸಂಖ್ಯೆ) ಕಳುಹಿಸಿದರೆ ತೆಗೆದುಕೊಡುತ್ತೇನೆ. ಇತಿಹಾಸದ ಪುಸ್ತಕಗಳಿಗೆ ಮಾತ್ರ ಇದು ನಡೆಯುವುದಿಲ್ಲ, ಅವುಗಳ ಉಲ್ಲೇಖಪಟ್ಟಿಗಳು ನನ್ನಲ್ಲಿ ಬಹಳ ಕಡಿಮೆ.

ಗ್ರಂಥಾಲಯದಿಂದ:
ಸಹಲೇಖಕರ ಸಂಖ್ಯೆಯನ್ನು ಇಲ್ಲಿಯತನಕ ಯಾರೂ ಎತ್ತಲಿಲ್ಲ. ಇತಿಹಾಸಕಾರರು ಒಬ್ಬರೇ ಬರೆಯುತ್ತಾರೆ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಬಂದ ಲೇಖನಕ್ಕೆ 5,154 ಲೇಖಕರಿದ್ದರು. ಆನ್-ವಿಲ್ ಹಾರ್ಜಿಂಗ್ ಅವರ ಪಬ್ಲಿಶ್ ಆರ್ ಪೆರಿಶ್ ತಂತ್ರಾಂಶದಲ್ಲಿ ಪ್ರತಿ ಲೇಖನದ ಉಲ್ಲೇಖವನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ ಎಚ್ ಕಟ್ಟಿ, ಆಮೇಲೆ ವೃತ್ತಿಯ ವರ್ಷಗಳಿಂದ ಭಾಗಿಸುವ ಸೂಚ್ಯಂಕವಿದೆ. ಹಿರಿಯರನ್ನೂ ಕಿರಿಯರನ್ನೂ ಹೋಲಿಸುವುದಾದರೆ ಇದನ್ನು ಬಿಡುವಂತಿಲ್ಲ.

ಹಳೆಯಪುಟ:
ಆಯ್ಕೆಮೇಜು ಅವರೇ, ಇತಿಹಾಸಕಾರರನ್ನು ಅದೇ ಅಂಕಣದಲ್ಲಿ ಕೂರಿಸಲೇಬೇಕೆ? ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವ ಬಗೆಗಿನ 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಮೊದಲನೆಯದೇ ಅಂಕಿಗಳು ಪರಿಣತರ ಮೌಲ್ಯಮಾಪನಕ್ಕೆ ಬೆಂಬಲವಾಗಿರಬೇಕು ಎಂಬುದು. ಸ್ಕಾಲರ್‌ನಲ್ಲಿಯೇ ಅದೇ ಉಪವಿಷಯದಲ್ಲಿ, ಅದೇ ದಶಕದಲ್ಲಿ ವೃತ್ತಿ ಆರಂಭಿಸಿದ ಇಪ್ಪತ್ತು ಮೂವತ್ತು ಇತಿಹಾಸಕಾರರ ಸೂಚ್ಯಂಕಗಳನ್ನು ಕೈಯಾರೆ ಕಲೆಹಾಕಿ, ಅವುಗಳ ಮಧ್ಯಾಂಕವನ್ನು ಛೇದವಾಗಿ ಇಡಿ. ಆಗ ಪುಸ್ತಕಗಳು ಎರಡೂ ಕಡೆ ಇರುತ್ತವೆ. ಜೊತೆಗೆ ಆ ಎರಡು ಪುಸ್ತಕಗಳನ್ನು ಓದಿದವರ ಅಭಿಪ್ರಾಯವನ್ನು ಸಮಿತಿಯ ಮುಂದಿಡಿ.

ಆಯ್ಕೆಮೇಜು:
ಇತಿಹಾಸಕಾರರಿಗೆ ಹಳೆಯಪುಟ ಅವರು ಹೇಳಿದಂತೆಯೇ ಓರಗೆಯವರ ಪಟ್ಟಿಯನ್ನು ಕಟ್ಟಲು ಆರಂಭಿಸಿದ್ದೇನೆ, ಉಳಿದವರಿಗೂ ಅದೇ ಕ್ರಮವನ್ನು ಅನುಸರಿಸುತ್ತೇನೆ. ಗಣಿತಜ್ಞರಿಗೆ ಲೇಖನದ ಮಟ್ಟದ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಕೊಡುತ್ತೇನೆ. ದತ್ತಾಂಶಗಣಿ ಅವರೇ, ಡಿಒಐಗಳನ್ನು ಕಳುಹಿಸಿದ್ದೇನೆ. ಒಂದು ತೊಡಕು ಮಾತ್ರ ಬಿಡಿಸಿಲ್ಲ. ಇತಿಹಾಸಕಾರರ ಒಂದು ಪುಸ್ತಕವನ್ನು ಹೆಚ್ಚಾಗಿ ಉಲ್ಲೇಖಿಸಿರುವವರು ಮಾನವಶಾಸ್ತ್ರಜ್ಞರು, ಅವರಲ್ಲಿ ಉಲ್ಲೇಖಿಸುವ ರೂಢಿ ಇತಿಹಾಸಕ್ಕಿಂತ ದಟ್ಟ. ಓರಗೆಯವರನ್ನು ಇತಿಹಾಸದಿಂದ ಆರಿಸಬೇಕೇ, ಉಲ್ಲೇಖಿಸಿದವರ ಕ್ಷೇತ್ರದಿಂದ ಆರಿಸಬೇಕೇ?

ಉಪಪ್ರಮೇಯ:
ಉಲ್ಲೇಖಿಸುವವರ ಕಡೆಯಿಂದ ಹೊಂದಿಸುವ ವಿಧಾನಗಳಿವೆ: ಉದ್ದನೆಯ ಆಕರಪಟ್ಟಿ ಇರುವ ಕೃತಿಯಿಂದ ಬಂದ ಉಲ್ಲೇಖಕ್ಕೆ ಕಡಿಮೆ ತೂಕ, ಚಿಕ್ಕ ಪಟ್ಟಿಯಿಂದ ಬಂದದ್ದಕ್ಕೆ ಹೆಚ್ಚು ತೂಕ. 2010ರಲ್ಲಿ ಹೆಂಕ್ ಮೂಡ್ ಜರ್ನಲ್‌ಗಳಿಗೆ ರೂಪಿಸಿದ ಸೂಚ್ಯಂಕದ ಹಿಂದೆ ಇದೇ ಆಲೋಚನೆ ಇದೆ. ಪುಸ್ತಕಗಳಿಗೆ ಇದನ್ನು ಮಾಡಬೇಕೆಂದರೆ ಉಲ್ಲೇಖಿಸಿದ ಪ್ರತಿ ಪುಸ್ತಕದ ಆಕರಪಟ್ಟಿಯೂ ಬೇಕು. ಅಂಥ ಪಟ್ಟಿಗಳನ್ನು ಯಾರಾದರೂ ಕಲೆಹಾಕಿದ್ದರೆ ಇಲ್ಲಿ ತಿಳಿಸಿ.