ಸುಮಾ, ಅಮ್ಮನಿಗೆ ಬಟ್ಟಲು ಹಾಕಿಸುವ ಮೊದಲು ಇದನ್ನು ಪೂರ್ತಿ ಕೇಳು

ಸುಮಾ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಅಮ್ಮನ ಸೊಂಟ ನೋವಿಗೆ ಭಾನುವಾರ ಹಾಸನದ ಕ್ಯಾಂಪಿನಲ್ಲಿ ಕಪ್ಪಿಂಗ್, ಅಂದರೆ ಮೈಮೇಲೆ ಬಟ್ಟಲು ಕವುಚಿ ಚರ್ಮ ಎಳೆಸುವುದು, ಮಾಡಿಸಲಾ, ಭಯ ಆಗುತ್ತಿದೆ ಅಂತ ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದೆಯಲ್ಲ, ಈಗ ನೋಡಿದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ದಾರೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ಟೈಪ್ ಮಾಡಲು ನನಗೆ ಆಗುವುದಿಲ್ಲ, ಬಾಯಲ್ಲೇ ಹೇಳುತ್ತೇನೆ.

ಬಟ್ಟಲು ಹಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಹೊಸದೇನಲ್ಲ. ಸುಶ್ರುತರ ಕಾಲದಲ್ಲೇ ಕೆಟ್ಟ ರಕ್ತ ತೆಗೆಯಲು ಕೊಂಬು, ಸೋರೆ ಬುರುಡೆ, ಜಿಗಣೆ ಎಲ್ಲ ಇದ್ದವು. ಯುನಾನಿಯವರು ಹಿಜಾಮಾ ಅನ್ನುತ್ತಾರೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಫೆಲ್ಪ್ಸ್ ಮೈಮೇಲೆ ದುಂಡನೆಯ ಕೆಂಪು ಕಲೆ ಇತ್ತಲ್ಲ, ಅದೂ ಇದೇ. ಸ್ನಾಯು ಹಿಡಿದಿದ್ದರೆ ನಾಲ್ಕು ದಿನ ಹಗುರ ಅನಿಸುತ್ತದೆ, ಸುಳ್ಳಲ್ಲ. ಆದರೆ ಶುಗರ್ ಇರುವವರು ಬೆಂಕಿ ಬಟ್ಟಲಿಗೆ ಮೈ ಕೊಡಬಾರದು. ನನ್ನ ಎಡಗಾಲು ನೋಡಿದ್ದೀಯಲ್ಲ?

ನಿಮ್ಮ ದೊಡ್ಡಪ್ಪ ಹೋದ ಮರುವರ್ಷ ಅದು. ರೋಬಸ್ಟಾ ಕಾಫಿ ಕುಯ್ಲು ನಡೆಯುತ್ತಿತ್ತು. ಕಣದಿಂದ ಮೇಲಿನ ತೋಟಕ್ಕೆ ಏರು ಹತ್ತಿದರೆ ಎಡಗಾಲಿನ ಮೀನಖಂಡ ಹಿಂಡಿದ ಹಾಗೆ ಆಗುತ್ತಿತ್ತು. ನಿಂತರೆ ಎರಡು ನಿಮಿಷಕ್ಕೆ ಬಿಡುತ್ತಿತ್ತು. ಮತ್ತೆ ಹತ್ತಿದರೆ ಮತ್ತೆ ಅದೇ. ನರ ಹಿಡಿದಿದೆ ಅಂದುಕೊಂಡೆ. ಚಿಕ್ಕಮಗಳೂರಿನಲ್ಲಿ ಒಬ್ಬರು ಬಟ್ಟಲು ಹಾಕುತ್ತಾರೆ ಅಂತ ಯಾರೋ ಹೇಳಿದರು, ಬಸ್ಸು ಹತ್ತಿ ಹೋದೆ. ಶುಗರ್ ಇದೆಯಾ ಅಂತ ಆತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಚ್ಚಿ, ಗಾಜಿನ ಬಟ್ಟಲೊಳಗೆ ಒಂದು ಸುತ್ತು ತಿರುಗಿಸಿ ತೆಗೆದು, ಟಪ್ ಅಂತ ಕಾಲಿಗೆ ಒತ್ತಿದ. ಒಳಗಿನ ಬಿಸಿ ಗಾಳಿ ಆರುತ್ತಾ ಬಂದ ಹಾಗೆ ಚರ್ಮ ಪಡ್ಡಿನ ಹಾಗೆ ಉಬ್ಬಿ ಬಂತು. ಪಕ್ಕದ ಮಂಚದ ಹೆಂಗಸು ಬಿಸಿ ಬಿಸಿ ಅಂತ ಕೂಗಿಕೊಂಡಳು, ಅವಳದನ್ನು ತಕ್ಷಣ ತೆಗೆದರು. ನನಗೆ ಏನೂ ಗೊತ್ತಾಗಲಿಲ್ಲ. ಶುಗರಿನಿಂದ ಕಾಲಿನ ನರ ಸತ್ತಿತ್ತು, ಅದಕ್ಕೇ ಬಿಸಿ ತಿಳಿಯಲಿಲ್ಲ. ರಾತ್ರಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ. ಬೆಳಿಗ್ಗೆ ಅದು ಒಡೆದು ದುಪ್ಪಟಿಗೆ ಅಂಟಿಕೊಂಡಿತ್ತು.

ಹದಿನೈದು ದಿನ ಅರಿಶಿನ ಹಚ್ಚಿದೆ. ಮಾಯಲಿಲ್ಲ, ವಾಸನೆ ಬರತೊಡಗಿತು. ಕೊನೆಗೆ ಹೋದಾಗ ಡಾಕ್ಟರು ಗಾಯಕ್ಕಿಂತ ಮೊದಲು ನನ್ನ ಪಾದದ ಮೇಲೆ ಎರಡು ಬೆರಳಿಟ್ಟರು. ಬಹಳ ಹೊತ್ತು ಹುಡುಕಿದರು. ಬಲಗಾಲು ನೋಡಿದರು, ಮತ್ತೆ ಎಡಗಾಲಿಗೆ ಬಂದರು. ಅಮ್ಮಾ, ಇಲ್ಲಿ ನಾಡಿಯೇ ಸಿಗುತ್ತಿಲ್ಲ ಅಂದರು. ನಡೆದರೆ ಹಿಡಿದು ನಿಂತರೆ ಬಿಡುವ ಆ ನೋವು ನರದ್ದಲ್ಲ, ರಕ್ತನಾಳ ಕಟ್ಟಿಕೊಂಡದ್ದು. ರಕ್ತವೇ ಸರಿಯಾಗಿ ಹೋಗದ ಕಾಲಿಗೆ ನಾನು ದುಡ್ಡು ಕೊಟ್ಟು ಗಾಯ ಮಾಡಿಸಿಕೊಂಡು ಬಂದಿದ್ದೆ. ಇನ್ನು ಸ್ವಲ್ಪ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತಂತೆ. ಅದಕ್ಕೇ ಮತ್ತೆ ಹೇಳುತ್ತೇನೆ, ಶುಗರ್ ಇರುವವರು ಬೆಂಕಿ ಬಟ್ಟಲಿಗೆ ಮೈ ಕೊಡಬಾರದು. ನಿಮ್ಮಮ್ಮನಿಗೂ ಶುಗರ್ ಇದೆ, ನನಗಿಂತ ಹಳೆಯದು.

ನಾಲ್ಕು ತಿಂಗಳು ಕಾಲು ದಿಂಬಿನ ಮೇಲಿಟ್ಟು ಮಲಗಿದ್ದೆ. ಕಣದಲ್ಲಿ ಕಾಫಿ, ಮೇಲೆ ಮೋಡ, ಆಳುಗಳು ಅರ್ಧ. ನಮ್ಮ ಮನೆಯ ಗೀತಾ ಒಬ್ಬಳೇ ಒದ್ದಾಡಿದಳು. ಹಾಸನದಿಂದ ನಮ್ಮ ಮನೆ ಏನು ದೇಶಾಂತರವಾ? ಈ ಗ್ರೂಪಿನಲ್ಲಿ ಮೂವತ್ತೆಂಟು ಜನ ಇದ್ದೀರಿ. ಬಂದವರು ಇಬ್ಬರು. ಮದುವೆಗೆ ಕರೆದಾಗ ಒಂದು ವಾರ ಮೊದಲೇ ಬಂದು ಪಾತ್ರೆ ಎಣಿಸಿಕೊಟ್ಟವಳು ನಾನು. ನಿನ್ನ ಬಾಣಂತನಕ್ಕೆ ಯಾರು ಬಂದಿದ್ದರು, ಅಮ್ಮನನ್ನೇ ಕೇಳು. ಕಾಲು ಹೇಗಿದೆ ಅಂತ ಒಂದು ಫೋನ್ ಮಾಡಲು ಏನು ಕಷ್ಟ ಇತ್ತು? ಆ ನೋವು ಇನ್ನೂ ಇದೆ ಸುಮಾ. ಹೋಗಲಿ ಬಿಡು, ಗೀತಾ ಕಣ್ಣು ಬಿಡುತ್ತಿದ್ದಾಳೆ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಅಮ್ಮನಿಗೆ ಹೋದ ವರ್ಷ ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿದ್ದಾರಲ್ವಾ! ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಂತ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಬ್ಲೇಡಿನಲ್ಲಿ ಗೀರಿ ರಕ್ತ ಎಳೆಯುವ ಕಪ್ಪಿಂಗ್ ಅವಳಿಗೆ ಬೇಡವೇ ಬೇಡ, ರಕ್ತ ಬೇಗ ನಿಲ್ಲುವುದಿಲ್ಲ. ಒಬ್ಬರಿಗೆ ಬಳಸಿದ ಬ್ಲೇಡು, ಬಟ್ಟಲು ಇನ್ನೊಬ್ಬರಿಗೆ ಬಂದರೆ ಕಾಮಾಲೆಯ ಸೋಂಕು ಬೇರೆ. ಇನ್ನೊಂದು. ಮೂರು ದಿನ ಮಾತ್ರೆ ನಿಲ್ಲಿಸಿ ಬನ್ನಿ ಅಂತ ಕ್ಯಾಂಪಿನಲ್ಲಿ ಯಾರೇ ಹೇಳಿದರೂ ನಿಲ್ಲಿಸಬೇಡ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಬರುತ್ತದೆ.

ಮೊದಲು ಅವಳ ಹೃದಯದ ಡಾಕ್ಟರನ್ನು ಕೇಳು. ಮಾತ್ರೆ ಚೀಟಿ, ಶುಗರ್ ರಿಪೋರ್ಟ್ ಎರಡೂ ಜೊತೆಗಿರಲಿ. ಆಮೇಲೆ ಸೊಂಟಕ್ಕೆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಕಾಲು ಸೋಲುತ್ತಿದೆಯಾ, ಕುಳಿತುಕೊಳ್ಳುವ ಜಾಗ ಜೋಮು ಹಿಡಿಯುತ್ತಿದೆಯಾ, ಒಂದಕ್ಕೆ ಕಟ್ಟುತ್ತಿದೆಯಾ ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯಾ, ನಾಚಿಕೆ ಬಿಟ್ಟು ಕೇಳು. ಅವಳಾಗಿ ಹೇಳುವುದಿಲ್ಲ. ಅದರಲ್ಲಿ ಒಂದಿದ್ದರೂ ಭಾನುವಾರದವರೆಗೆ ಕಾಯಬೇಡ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡು.

ಅವಳು ಮಲಗಿದ್ದರೆ ಎಬ್ಬಿಸಬೇಡ. ಎದ್ದ ಮೇಲೆ ಫೋನ್ ಅವಳ ಕೈಗೆ ಕೊಡು, ನಾನೇ ಮಾತಾಡುತ್ತೇನೆ.